ಮೇಲಿನ ತೂಬು ತೆಗೆದವನು ದೇವರಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಒಬ್ಬರ ಕಾಗದ ಬಂದಿತ್ತು. ಒಳ್ಳೆಯದು ಕೆಟ್ಟದ್ದು ಎಲ್ಲಾ ಮೇಲಿನವನ ಲೆಕ್ಕ, ನಾಲೆಗೆ ಬಿದ್ದು ಹೋದವರ ಆಯಸ್ಸು ಅಷ್ಟೇ ಇತ್ತು, ಅದಕ್ಕೆ ಯಾರನ್ನೂ ದೂರಬಾರದು ಅಂತ ಬರೆದಿದ್ದರು. ಅವರ ಮನಸ್ಸು ಒಳ್ಳೆಯದೇ ಇರಬೇಕು. ನೊಂದವರಿಗೆ ಸಮಾಧಾನ ಆಗಲಿ ಅಂತ ಬರೆದಿದ್ದಾರೆ. ಆದರೆ ಅದನ್ನು ಓದಿದ ಮೇಲೆ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಅದಕ್ಕೇ ಈ ಕಾಗದ.

ನಾನು ಪಾಂಡವಪುರ ತಾಲ್ಲೂಕಿನವನು. ವಿಶ್ವೇಶ್ವರಯ್ಯ ನಾಲೆಯ ಒಂದು ಉಪನಾಲೆಯಲ್ಲಿ 31 ವರ್ಷ ಸೌಡಿಯಾಗಿ ದುಡಿದಿದ್ದೇನೆ. ಪಟ್ಟಣದವರಿಗೆ ಸೌಡಿ ಅಂದರೆ ಗೊತ್ತಿರಲಿಕ್ಕಿಲ್ಲ. ಹಗಲು ರಾತ್ರಿ ನಾಲೆ ಏರಿ ಮೇಲೆ ಓಡಾಡಿ, ತೂಬಿನ ಬಾಗಿಲು ಏರಿಸಿ ಇಳಿಸಿ, ಯಾರ ಗದ್ದೆಗೆ ಯಾವತ್ತು ನೀರು ಅಂತ ನೋಡಿಕೊಳ್ಳುವವನು ಸೌಡಿ. ನಾನು ದೇವರನ್ನು ನಂಬುತ್ತೇನೆ. ಮೇಲುಕೋಟೆಯ ವೈರಮುಡಿಗೆ ಹೋಗುವುದನ್ನು ಮದುವೆಯಾದ ವರ್ಷದಿಂದ ಬಿಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಮಾತನ್ನು ನಾಸ್ತಿಕನ ಮಾತು ಅಂದುಕೊಂಡು ಪುಟ ತಿರುಗಿಸಿಬಿಡುತ್ತೀರಿ.

2018ರ ನವೆಂಬರ್ 24ನ್ನು ನಮ್ಮ ಕಡೆಯವರು ಯಾರೂ ಮರೆಯುವುದಿಲ್ಲ. ಶನಿವಾರ. ಕನಗನಮರಡಿ ಹತ್ತಿರ ಒಂದು ಖಾಸಗಿ ಬಸ್ಸು ನಾಲೆಗೆ ಉರುಳಿತು. 30 ಜನ ಹೋದರು. ಅರ್ಧ ದಿನದ ಸ್ಕೂಲು ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಸಂಜೆ ಹೊತ್ತಿಗೆ ನಾನೂ ಅಲ್ಲಿಗೆ ಹೋಗಿದ್ದೆ. ಏರಿ ಮೇಲಿನ ಹುಲ್ಲೆಲ್ಲಾ ಜನರ ಕಾಲಿಗೆ ಸಿಕ್ಕಿ ಕೆಸರಾಗಿತ್ತು. ಒಂದು ಕಡೆ ಒದ್ದೆ ಹಗ್ಗ ಬಿದ್ದಿತ್ತು, ದನ ಕಟ್ಟುವ ಹಗ್ಗ. ಕೊಟ್ಟಿಗೆಯಿಂದ ಬಿಚ್ಚಿಕೊಂಡು ಯಾರೋ ಓಡಿ ಬಂದಿರಬೇಕು. ಅದರ ತುದಿಯಲ್ಲಿ ಎಮ್ಮೆಯ ಕುತ್ತಿಗೆಗೆ ಹಾಕಿದ್ದ ಕುಣಿಕೆ ಹಾಗೇ ಇತ್ತು. ಬಿಡಿಸುವುದಕ್ಕೂ ಪುರುಸೊತ್ತು ಸಿಕ್ಕಿಲ್ಲ. ಅವತ್ತೇ ರಾತ್ರಿ ಅಂಬರೀಶ್ ತೀರಿಕೊಂಡ ಸುದ್ದಿ ಬಂತು. ಒಂದೇ ದಿನ ಎರಡು ಸಾವಿನ ಸುದ್ದಿ. ಮಂಡ್ಯದ ಮೇಲೆ ದೇವರು ಮುನಿದಿದ್ದಾನೆ ಅಂತ ಟೀ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಎಲ್ಲಾ ಕಡೆ ಅದೇ ಮಾತು.

ನಾನೂ ಹೂಂ ಅಂದೆ. ಸಂಕಟದಲ್ಲಿ ಎಲ್ಲರ ಬಾಯಲ್ಲೂ ಅದೇ ಬರುತ್ತದೆ, ತಪ್ಪಲ್ಲ. ಆದರೆ ಅಳು ನಿಂತ ಮೇಲೂ ಅದನ್ನೇ ಹೇಳುತ್ತಾ ಕೂತರೆ ಏನಾಗುತ್ತದೆ ಅಂತ ನನಗೆ ಗೊತ್ತು. ಯಾಕೆಂದರೆ ನಾನೇ ಒಮ್ಮೆ ಆ ಮಾತಿನ ಹಿಂದೆ ಬಚ್ಚಿಟ್ಟುಕೊಂಡಿದ್ದೇನೆ.

ಇಪ್ಪತ್ತು ವರ್ಷದ ಮೇಲಾಯಿತು. ಕನ್ನಂಬಾಡಿ ಕಟ್ಟೆಯಲ್ಲಿ, ಅಂದರೆ ಕೆ.ಆರ್.ಎಸ್.ನಲ್ಲಿ, ನೀರು ಕಮ್ಮಿ ಇದ್ದ ವರ್ಷ. ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಿದ್ದರು. ಅಂದರೆ ಇಷ್ಟು ದಿನ ನೀರು, ಆಮೇಲೆ ಇಷ್ಟು ದಿನ ಬಂದ್. ನಮ್ಮ ನಾಲೆಯ ಕೊನೇ ತೂಬಿನಲ್ಲಿ ಒಬ್ಬ ಅವ್ವನ ಗದ್ದೆ ಇತ್ತು. ಗಂಡ ಇರಲಿಲ್ಲ. ಮಗ ಇನ್ನೂ ಚಿಕ್ಕವನು. ಮುಕ್ಕಾಲು ಎಕರೆ. ಅವರಿವರ ಹತ್ತಿರ ಬಿತ್ತನೆ ಭತ್ತ ತಂದು ಒಟ್ಟಲು, ಅಂದರೆ ನಾಟಿಗೆ ಸಸಿ ಮಡಿ, ಬಿಟ್ಟಿದ್ದರು. ಅವರ ಸರದಿ ಬಂದ ರಾತ್ರಿ ಮೇಲಿನ ತೂಬಿನ ಜಮೀನಿನವರು ನನ್ನ ಹತ್ತಿರ ಬಂದರು. ದೊಡ್ಡ ಕುಳ. ನನ್ನ ಮಗಳ ಮದುವೆಗೆ ಬಡ್ಡಿ ಇಲ್ಲದೆ ಸಾಲ ಕೊಟ್ಟವರು. ‘ಇನ್ನೆರಡು ಗಂಟೆ ಬುಡಯ್ಯ, ಕಬ್ಬು ಒಣಗ್ತಾ ಅದೆ’ ಅಂದರು. ಇಲ್ಲ ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ. ಬಾಗಿಲು ಇಳಿಸದೆ ಹಾಗೇ ಬಿಟ್ಟೆ. ಎರಡು ಗಂಟೆ ಹೋಗಿ ಬೆಳಗಾಯಿತು. ಬೆಳಗಾದರೆ ನಾಲೆ ಬಂದ್.

ಮಾರನೇ ವಾರ ಅತ್ತ ಹೋದೆ. ಒಟ್ಟಲಿನ ಪೈರು ತುದಿಯಿಂದ ಹಳದಿಯಾಗಿ ಸುರುಳಿ ಸುತ್ತಿತ್ತು. ಮಡಿ ಬಿರುಕು ಬಿಟ್ಟು, ನನ್ನ ತೋರುಬೆರಳು ಎರಡು ಗೆಣ್ಣಿನವರೆಗೆ ಒಳಗೆ ಹೋಯಿತು. ಆ ಅವ್ವ ಬದುವಿನ ಮೇಲೆ ಕೂತಿದ್ದರು. ಬೈಯಲಿಲ್ಲ. ‘ದ್ಯಾವ್ರು ನನ್ ಕಡೀಕೆ ನೋಡ್ನಿಲ್ಲ ಕಣಪ್ಪ’ ಅಂದರು. ನಾನು ಏನಂದೆ ಗೊತ್ತಾ? ‘ಹೂಂ ಕಣವ್ವ, ನಮ್ಮ ಕೈಲಿ ಏನದೆ’ ಅಂದುಬಿಟ್ಟೆ. ಕೈಯಲ್ಲಿ ತೂಬಿನ ಬೀಗದ ಕೈ ಹಿಡಿದುಕೊಂಡೇ ಅಂದೆ.

ಅವರು ಆ ವರ್ಷ ನಾಟಿ ಮಾಡಲಿಲ್ಲ. ಕೂಲಿಗೆ ಹೋದರು. ದೇವರು ನನ್ನ ಕಡೆ ನೋಡಲಿಲ್ಲ ಅಂದುಕೊಂಡೇ ಬಾಳಿದರು. ಐದು ವರ್ಷದ ಹಿಂದೆ ತೀರಿಕೊಂಡರು. ನಿಜ ಹೇಳಬೇಕು ಅಂತ ಎಷ್ಟೋ ಸಲ ಅವರ ಮನೆ ಬಾಗಿಲ ತನಕ ಹೋಗಿ, ಸುಮ್ನೆ ಯೋಗಕ್ಷೇಮ ಮಾತಾಡಿ ವಾಪಸ್ ಬಂದಿದ್ದೇನೆ.

ಅವತ್ತಿನಿಂದ ಯಾರಾದರೂ ಹಣೆಬರಹ ಅಂದರೆ ನನಗೆ ಮೇಲಿನ ತೂಬು ನೆನಪಿಗೆ ಬರುತ್ತದೆ. ಕೊನೇ ಭಾಗಕ್ಕೆ ನೀರು ಬರಲಿಲ್ಲ ಅಂದರೆ ನಾಲೆ ಹಿಡಿದು ಮೇಲಕ್ಕೆ ನಡೆಯಬೇಕು. ಎಲ್ಲೋ ಒಂದು ಕಡೆ ಕಲ್ಲು ಅಡ್ಡ ಇಟ್ಟಿರುತ್ತಾರೆ. ಇಲ್ಲಾ ಬಾಗಿಲು ಮುರಿದಿರುತ್ತಾರೆ. ಇಲ್ಲಾ ನನ್ನಂಥವನೊಬ್ಬ ಬಾಗಿಲು ಇಳಿಸದೆ ಹೋಗಿರುತ್ತಾನೆ. 31 ವರ್ಷ ನಡೆದಿದ್ದೇನೆ. ದೇವರು ಬಂದು ನೀರು ತಿರುಗಿಸಿಕೊಂಡಿದ್ದನ್ನು ಒಂದು ಸಲವೂ ನೋಡಿಲ್ಲ.

ನನ್ನ ತಮ್ಮನ ವಿಷಯವನ್ನೂ ಹೇಳಬೇಕು. ಅವನು ಹೋಗಿ ಮೂವತ್ತು ವರ್ಷ ದಾಟಿತು. ಕಬ್ಬಿನ ಒಣಗರಿ ಸುಲಿಯುವಾಗ ಪಾದಕ್ಕೆ ಹಾವು ಕಚ್ಚಿತು. ಕೊಳಕುಮಂಡಲ. ಪಕ್ಕದ ಊರಲ್ಲಿ ಮಂತ್ರ ಹಾಕುವವರು ಇದ್ದರು, ಎತ್ತಿನ ಗಾಡಿಯಲ್ಲಿ ಅಲ್ಲಿಗೆ ಕರೆದುಕೊಂಡು ಹೋದೆವು. ಬೇವಿನ ಸೊಪ್ಪು, ಅರಿಶಿನ, ಏನೋ ಒಂದು ರಸ. ಮೂರು ಗಂಟೆ ಅಲ್ಲೇ ಹೋಯಿತು. ಮಂಡ್ಯದ ಆಸ್ಪತ್ರೆ ಸೇರುವ ಹೊತ್ತಿಗೆ ಅವನ ವಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಡಾಕ್ಟರು ಒಂದು ಗಾಜಿನ ನಳಿಗೆಯಲ್ಲಿ ಸ್ವಲ್ಪ ರಕ್ತ ತೆಗೆದು, ಅಲುಗಾಡಿಸಬೇಡಿ ಅಂತ ಮೇಜಿನ ಮೇಲೆ ನಿಲ್ಲಿಸಿದರು. ಇಪ್ಪತ್ತು ನಿಮಿಷ ಗಡಿಯಾರ ನೋಡಿ, ಆಮೇಲೆ ಅದನ್ನು ಓರೆ ಮಾಡಿದರು. ರಕ್ತ ನೀರಿನ ಹಾಗೆ ಹರಿಯಿತು. ಹೆಪ್ಪುಗಟ್ಟಿರಲಿಲ್ಲ. ಆ ಹಾವಿನ ವಿಷ ಮಾಡುವುದೇ ಅದನ್ನು. ಚುಚ್ಚುಮದ್ದು ಕೊಟ್ಟರು, ಆದರೆ ಅಷ್ಟರಲ್ಲಿ ಕಿಡ್ನಿಗೆ ಪೆಟ್ಟಾಗಿತ್ತು. ಮೂರನೇ ದಿನ ಹೋದ.

ಎರಡು ವರ್ಷ ಆದ ಮೇಲೆ ನಮ್ಮದೇ ಬೀದಿಯ ಒಬ್ಬ ಹುಡುಗನಿಗೆ ಅದೇ ಜಾತಿಯ ಹಾವು ಕಚ್ಚಿತು. ನಮ್ಮ ಮನೆಯಲ್ಲಿ ಆದದ್ದನ್ನು ಕಂಡಿದ್ದ ಅವನ ಅಪ್ಪ ಎಲ್ಲೂ ನಿಲ್ಲಲಿಲ್ಲ. ಲೂನಾದ ಹಿಂದೆ ಕೂರಿಸಿಕೊಂಡು ನೇರ ಆಸ್ಪತ್ರೆಗೆ. ಹುಡುಗ ಉಳಿದ. ಊರಲ್ಲಿ ಪೂಜೆ ಮಾಡಿಸಿದರು, ದೇವರು ಕಾಪಾಡಿದ ಅಂದರು. ನಾನೂ ಸಂತೋಷದಿಂದ ಪ್ರಸಾದ ತಿಂದೆ. ಆದರೆ ಅವತ್ತು ನಮ್ಮ ಅವ್ವ ಗುಡಿಗೆ ಬರಲಿಲ್ಲ. ದೇವರು ಆ ಹುಡುಗನನ್ನು ಕಾಪಾಡಿದ ಅಂದರೆ ನನ್ನ ತಮ್ಮನನ್ನು ಬೇಕಂತಲೇ ಕೈಬಿಟ್ಟ ಅಂತಲೇ ಅರ್ಥ ಅಲ್ವಾ? ಇಂಥ ಮಾತು ಆಡುವವರು ಆ ಇನ್ನೊಂದು ಮನೆಯ ಕಡೆ ನೋಡುವುದೇ ಇಲ್ಲ. ಇಬ್ಬರ ನಡುವೆ ಇದ್ದ ವ್ಯತ್ಯಾಸ ಪುಣ್ಯದ್ದಲ್ಲ, ಮೂರು ಗಂಟೆಯದು. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಿಂದ ಆ ಔಷಧಿ ತೆಗೆಯುತ್ತಾರೆ ಅಂತ ಡಾಕ್ಟರು ಹೇಳಿದ್ದರು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ನಾಲ್ಕಕ್ಕೂ ಅದೊಂದೇ. ಬೇಗ ಹೋದಷ್ಟೂ ಒಳ್ಳೆಯದು. ನಮ್ಮ ಕಡೆ ಈಗಲೂ ಗದ್ದೆಗೆ ಬರಿಗಾಲಲ್ಲಿ ಇಳಿಯುವವರು ಜಾಸ್ತಿ, ಆದ್ದರಿಂದ ಬರೆಯುತ್ತಿದ್ದೇನೆ.

ತಮ್ಮನ ತಿಥಿ ದಿನ ನೆಂಟರೊಬ್ಬರು ಅವ್ವನಿಗೆ, ‘ದೇವರಿಗೆ ಇಷ್ಟ ಆದವರನ್ನ ಬೇಗ ಕರ್ಕೊತಾನೆ’ ಅಂದರು. ಅವ್ವ ತಲೆ ಎತ್ತಿ, ‘ನನ್ ಮಗನ ಮ್ಯಾಲೆ ನನಗಿಂತ ಅವುನ್ಗೆ ಜಾಸ್ತಿ ಆಸೆಯಾ?’ ಅಂದಳು. ಯಾರೂ ಮಾತಾಡಲಿಲ್ಲ. ಒಂದು ವರ್ಷ ಅವಳು ದೇವರ ಮನೆಯಲ್ಲಿ ದೀಪ ಹಚ್ಚಲಿಲ್ಲ. ಆಮೇಲೆ ಒಂದು ದಿನ ತಾನಾಗೇ ಬತ್ತಿ ಹೊಸೆಯುತ್ತಾ ಕೂತಿದ್ದಳು. ಯಾಕವ್ವ ಅಂದೆ. ‘ಅವುನೂ ಅತ್ತಿರ್ತಾನೆ ಬುಡು’ ಅಂದಳು.

ನನಗೆ ಗೊತ್ತಿರುವ ದೇವರು ಅವನೇ. ಅವ್ವನ ಜೊತೆ ಅತ್ತವನು.

ಕನಗನಮರಡಿ ಆಗಿ ಇನ್ನೂ ಮೂರು ವಾರ ತುಂಬಿರಲಿಲ್ಲ, ಅದೇ ಡಿಸೆಂಬರ್ 14ಕ್ಕೆ ಹನೂರು ತಾಲ್ಲೂಕಿನ ಸುಳ್ವಾಡಿಯಲ್ಲಿ ಮಾರಮ್ಮನ ಪ್ರಸಾದ ತಿಂದು 17 ಜನ ಸತ್ತರು. ಕೀಟನಾಶಕ ಬೆರೆಸಿದ್ದರು. ಎಷ್ಟೋ ಜನರನ್ನು ಮೈಸೂರಿನ ಆಸ್ಪತ್ರೆಗಳಿಗೆ ತಂದಿದ್ದರು. ಕೈಮುಗಿದು ಬೊಗಸೆ ಒಡ್ಡಿದವರು ಅವರು. ಆಯಸ್ಸು ಅಷ್ಟೇ ಇತ್ತು ಅಂತ ಅವರ ಮನೆಯವರ ಮುಂದೆ ನಿಂತು ಹೇಳುವುದಕ್ಕೆ ನನಗಂತೂ ಆಗುವುದಿಲ್ಲ. ವಿಷ ಬೆರೆಸಿದ್ದು ಮನುಷ್ಯರ ಕೈ. ಅದನ್ನು ಮಾರಮ್ಮನ ತಲೆಗೆ ಕಟ್ಟಿದರೆ ಅದಕ್ಕಿಂತ ದೊಡ್ಡ ದೈವನಿಂದೆ ಯಾವುದಿದೆ?

ಇನ್ನೊಂದು ವಿಷಯ. ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ. ನೀರು ನಿಂತಾಗ ಹಳೇ ಕನ್ನಂಬಾಡಿ ಊರು ಮುಳುಗಿತು, ವೇಣುಗೋಪಾಲಸ್ವಾಮಿ ದೇವಸ್ಥಾನವೂ ಮುಳುಗಿತು. ದೇವಸ್ಥಾನ ಮುಳುಗಿಸಿದ ನೀರು ಉದ್ಧಾರ ಮಾಡುತ್ತದಾ ಅಂತ ಆಗ ಹೆದರಿದವರು ಇದ್ದರಂತೆ, ನಮ್ಮ ತಾತ ಹೇಳುತ್ತಿದ್ದರು. ಮಳೆ ನಂಬಿ ರಾಗಿ, ಹುರುಳಿ ಬೆಳೆಯುತ್ತಿದ್ದ ಅದೇ ತಾತ ನಾಲೆ ಬಂದ ಮೇಲೆ ಭತ್ತ ಕಂಡರು, ಕಬ್ಬು ಕಂಡರು. ಬರದ ವರ್ಷಗಳಲ್ಲಿ ಕಟ್ಟೆಯ ನೀರು ಇಳಿದಾಗ ಆ ದೇವಸ್ಥಾನ ಮೇಲೆ ಕಾಣಿಸುತ್ತಿತ್ತು. ನಾನೂ ಒಂದು ಸಲ ಹೋಗಿ ನೋಡಿದ್ದೇನೆ. ಕಂಬಗಳ ಮೇಲೆ ಒಣಗಿದ ಕೆಸರು ಮೆತ್ತಿಕೊಂಡಿತ್ತು. ಪಕ್ಕದಲ್ಲಿ ನಿಂತಿದ್ದವರೊಬ್ಬರು, ಸ್ವಾಮಿ ಮುನಿದು ಎದ್ದು ಬಂದಿದ್ದಾನೆ, ಅದಕ್ಕೇ ಬರ ಅಂದರು. ಎದ್ದು ಬಂದಿದ್ದಲ್ಲ ಸ್ವಾಮಿ ಅಂದೆ. ಕೊಡಗಿನಲ್ಲಿ ಮಳೆ ಇಲ್ಲ, ನೀರು ಇಳಿದಿದೆ, ಅದಕ್ಕೇ ಕಾಣುತ್ತಿದೆ. ಅವರಿಗೆ ಸರಿಹೋಗಲಿಲ್ಲ. ಮುಂದೆ ಆ ಕಲ್ಲುಗಳನ್ನೆಲ್ಲಾ ಬಿಚ್ಚಿ ತಂದು ಹಿನ್ನೀರಿನ ದಡದಲ್ಲಿ, ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು. ಈಗ ಅಲ್ಲಿ ನಿಂತರೆ ಎದುರಿಗೆ ಅದೇ ನೀರು. ನಾನು ಹೋದಾಗಲೆಲ್ಲಾ ಜಾಸ್ತಿ ಹೊತ್ತು ಕೂರುತ್ತೇನೆ. ಏನೂ ಬೇಡುವುದಿಲ್ಲ.

ಕಟ್ಟೆ 124.80 ಅಡಿ ತುಂಬಿದ ವರ್ಷ ಕಾವೇರಿಗೆ ಬಾಗಿನ ಕೊಡುತ್ತಾರೆ. ಅದೂ ನನಗೆ ಇಷ್ಟ. ಬಾಗಿನ ಉಪಕಾರ ನೆನೆಯುವುದು, ಕಂದಾಯ ಕಟ್ಟುವುದಲ್ಲ. ಕೊಡದಿದ್ದರೆ ನದಿ ಸೇಡು ತೀರಿಸಿಕೊಳ್ಳುತ್ತದೆ ಅಂತ ಯಾರೂ ಕೊಡುವುದಿಲ್ಲ.

ಕೊನೆಗೆ ನಮ್ಮೂರ ತಿರುವಿನ ಮಾತು. ನಾಲೆ ಪಕ್ಕದ ರಸ್ತೆಯಲ್ಲಿ ಕೆಲವು ಕಡೆ ತಡೆಗೋಡೆ ಬಂದಿದೆ, ನಮ್ಮ ತಿರುವಿಗೆ ಇನ್ನೂ ಬಂದಿಲ್ಲ. ಅಲ್ಲಿ ಒಂದು ಬೈಕು ನಾಲೆಗೆ ಬಿದ್ದು ಇಬ್ಬರು ಹುಡುಗರು ಹೋದ ಮೇಲೆ ಊರವರು ದುಡ್ಡು ಸೇರಿಸಿ ಒಂದು ದೇವರ ಕಲ್ಲು ನಿಲ್ಲಿಸಿದರು. ಮೇಲೆ ತಗಡು, ಒಂದು ಬಲ್ಬು. ನಾನೂ 500 ರೂಪಾಯಿ ಕೊಟ್ಟಿದ್ದೇನೆ, ಶುಕ್ರವಾರ ಕರ್ಪೂರ ಹಚ್ಚುತ್ತೇನೆ. ಆದರೆ ಆ ಕಲ್ಲು ಗಾಡಿ ತಡೆಯುವುದಿಲ್ಲ. ಕಲ್ಲು ನಿಲ್ಲಿಸಿದ ಮೇಲೂ ಒಂದು ಆಟೋ ಅಲ್ಲೇ ಜಾರಿ, ಚಕ್ರ ಏರಿಯ ಅಂಚಿಗೆ ಬಂದು ನಿಂತಿದೆ. ದೇವರು ಕಾಪಾಡಿದ ಅಂತ ತೆಂಗಿನಕಾಯಿ ಒಡೆದರು. ಮಾರನೇ ದಿನ ಗೋಡೆಗೆ ಅರ್ಜಿ ಬರೆಯೋಣ ಬನ್ನಿ ಅಂತ ಕರೆದೆ, ಮೂರು ಜನ ಬಂದರು. ಅರ್ಜಿ ಕೊಟ್ಟು ಹದಿನಾಲ್ಕು ತಿಂಗಳಾಯಿತು. ನಾನೇ ಹೆಜ್ಜೆ ಹಾಕಿ ಅಳೆದಿದ್ದೇನೆ, ಅರವತ್ತು ಹೆಜ್ಜೆ ಉದ್ದದ ಗೋಡೆ ಸಾಕು. ಸಂಬಂಧಪಟ್ಟವರು ಬಂದು ನೋಡಿದರೆ ಜೊತೆಗೆ ನಿಂತು ತೋರಿಸುತ್ತೇನೆ.

ನನ್ನ ಹೆಸರು ಹಾಕಬೇಕೋ ಬೇಡವೋ ನಿಮಗೆ ಬಿಟ್ಟಿದ್ದು. ಆ ಕೊನೇ ತೂಬಿನ ಅವ್ವನ ಮಗ ಈಗ ದೊಡ್ಡವನಾಗಿದ್ದಾನೆ, ಅದೇ ಮುಕ್ಕಾಲು ಎಕರೆ ಮಾಡುತ್ತಾನೆ. ನಿಮ್ಮ ಪತ್ರಿಕೆ ತರಿಸುತ್ತಾನೆ. ಹೆಸರು ಹಾಕದಿದ್ದರೂ ಇದು ಯಾರ ಕಾಗದ ಅಂತ ಅವನಿಗೆ ಗೊತ್ತಾಗುತ್ತದೆ. ಗೊತ್ತಾಗಲಿ. ಅವನು ಬಂದು ಕೇಳಿದರೆ ಹೇಳುತ್ತೇನೆ.

ಇಂತಿ,
ಒಬ್ಬ ನಿವೃತ್ತ ಸೌಡಿ
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ