ಮಂಜು, ತೋಟ ಅಡ ಇಡುವ ಮೊದಲು ಇದನ್ನು ಓದು

ನಾಟಿಂಗ್‌ಹ್ಯಾಮ್
7 ಡಿಸೆಂಬರ್ 2025

ಪ್ರೀತಿಯ ಮಂಜು,

ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಮೂರು ಸಲ ಕೇಳಿದೆ. ಅಕ್ಕನ ಮಗಳು ಸಿಂಚನಾಗೆ ಇಂಗ್ಲೆಂಡಿನಲ್ಲೇ ಸಿವಿಲ್ ಎಂಜಿನಿಯರಿಂಗ್ ಓದಬೇಕಂತೆ. ಬಾವ ಚನ್ನಗಿರಿಯ ಅಡಿಕೆ ತೋಟದ ಕಾಗದಪತ್ರ ಹಿಡಿದು ಎರಡು ಸಲ ಬ್ಯಾಂಕಿಗೆ ಹೋಗಿ ಬಂದಿದ್ದಾರೆ. ಬೆಂಗಳೂರಿನ ಏಜೆನ್ಸಿಯವರು ಮೂರು ಹೆಸರು ಬರೆದುಕೊಟ್ಟು, ಈ ತಿಂಗಳೊಳಗೆ ಡೆಪಾಸಿಟ್ ಕಟ್ಟಿದರೆ ಫೀಸಿನಲ್ಲಿ ರಿಯಾಯಿತಿ ಅಂದಿದ್ದಾರೆ. ನೀನು ಕೇಳಿದ್ದು ಒಂದೇ ಮಾತು: "ಮೂರರಲ್ಲಿ ಯಾವುದು ಒಳ್ಳೇದು ಹೇಳು." ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅಕ್ಕನಿಗೂ ನೀನೇ ಓದಿ ಹೇಳಬೇಕು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಮ್ಮ ಕಡೆಯ ಬೇರೆ ಮಕ್ಕಳಿಗೂ ಉಪಯೋಗವಾಗಲಿ ಅಂತ, ನೀನು ಒಪ್ಪಿದ ಹಾಗೆ, ಹೆಸರು ಬದಲಿಸಿ ಎಲ್ಲರಿಗೂ ಕಾಣುವಂತೆ ಹಾಕುತ್ತೇನೆ.

ಆ ಮೂರರಲ್ಲಿ ಒಂದೂ ವಿಶ್ವವಿದ್ಯಾಲಯ ಅಲ್ಲ ಕಣೋ. ಮೂರೂ ಫೌಂಡೇಶನ್ ಕಾಲೇಜುಗಳು, ಅಂದರೆ ಡಿಗ್ರಿಗೆ ಮೊದಲು ಒಂದು ವರ್ಷ ತಯಾರಿ ಮಾಡಿಸುವಂಥವು. ಮೇಲೆ ವಿಶ್ವವಿದ್ಯಾಲಯದ ಹೆಸರು, ಲಾಂಛನ ಎರಡೂ ಇವೆ, ಆದರೆ ಒಳಗೆ ನಡೆಸುವುದು ಖಾಸಗಿ ಕಂಪನಿ. ಇದರಲ್ಲಿ ಮುಚ್ಚುಮರೆ ಏನಿಲ್ಲ. ಕಪ್ಲಾನ್, ಇನ್‌ಟು, ಸ್ಟಡಿ ಗ್ರೂಪ್, ನ್ಯಾವಿಟಾಸ್ ಅಂತ ದೊಡ್ಡ ದೊಡ್ಡ ಸಂಸ್ಥೆಗಳು ಇದನ್ನೇ ಮಾಡುತ್ತವೆ. ಲಂಡನ್ನಿನ ಯುಸಿಎಲ್, ವಾರಿಕ್‌ನಂಥ ಕೆಲವು ವಿಶ್ವವಿದ್ಯಾಲಯಗಳು ಸ್ವಂತ ಫೌಂಡೇಶನ್ ನಡೆಸುತ್ತವೆ. ಇಂಗ್ಲೆಂಡಿನ ಮಕ್ಕಳು ಡಿಗ್ರಿಗೆ ಬರುವ ಮೊದಲು ಎರಡು ವರ್ಷ ಎ ಲೆವೆಲ್ ಅಂತ ಮೂರೇ ಮೂರು ವಿಷಯಗಳನ್ನು ಆಳವಾಗಿ ಓದಿರುತ್ತಾರೆ. ಹೊರದೇಶದ ಮಕ್ಕಳಿಗೆ ಆ ಕೊರತೆ ತುಂಬಿಕೊಡಲು ಹುಟ್ಟಿದ್ದು ಈ ಒಂದು ವರ್ಷ.

ನಾವು ಕೇಳಬೇಕಾದ ಮೊದಲ ಪ್ರಶ್ನೆ, ಸಿಂಚನಾಗೆ ಇದು ಬೇಕಾ? ನನಗೆ ಬೇಡ ಅನಿಸುತ್ತದೆ. ಫಸ್ಟ್ ಪಿಯುಸಿಯಲ್ಲಿ 93 ತೆಗೆದ ಹುಡುಗಿ ಅವಳು. ಬಹುತೇಕ ಎಲ್ಲ ವಿಶ್ವವಿದ್ಯಾಲಯಗಳ ಜಾಲತಾಣದಲ್ಲೂ ಭಾರತಕ್ಕೆಂದೇ ಒಂದು ಪುಟ ಇರುತ್ತದೆ. ಸಿಬಿಎಸ್‌ಇ, ಐಎಸ್‌ಸಿಯವರಿಗೆ ಎಷ್ಟು ಅಂಕ, ರಾಜ್ಯ ಬೋರ್ಡಿನವರಿಗೆ ಎಷ್ಟು ಅಂತ ಅಲ್ಲಿ ಬೇರೆ ಬೇರೆ ಬರೆದಿರುತ್ತಾರೆ. ರಾಜ್ಯ ಬೋರ್ಡಿಗೆ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು ಕೇಳುತ್ತಾರೆ, ಅಷ್ಟೆ. ಪಿಯುಸಿ ಮೇಲೆ ನೇರವಾಗಿ ಮೊದಲ ವರ್ಷಕ್ಕೇ ಸೇರಿಸಿಕೊಳ್ಳುವ ಒಳ್ಳೆಯ ಸಿವಿಲ್ ವಿಭಾಗಗಳು ಹಲವಾರಿವೆ. ಏಜೆನ್ಸಿಯವರು ಅದನ್ನು ಯಾಕೆ ಹೇಳಲಿಲ್ಲವೋ ಗೊತ್ತಿಲ್ಲ. ಒಂದು ಮಾತ್ರ ಬಾವನಿಗೆ ಹೇಳು: ಅವರು ನಮ್ಮ ಹತ್ತಿರ ದುಡ್ಡು ಕೇಳುವುದಿಲ್ಲ ನಿಜ, ಆದರೆ ಅವರಿಗೆ ಕಮಿಷನ್ ಬರುವುದು ಕಾಲೇಜಿನ ಕಡೆಯಿಂದ, ಮಕ್ಕಳು ಕಟ್ಟುವ ಫೀಸಿನ ಪಾಲಾಗಿ. ಯಾರ ದುಡ್ಡಿನಲ್ಲಿ ಸಲಹೆ ಬರುತ್ತಿದೆ ಅನ್ನುವುದು ತಿಳಿದಿರಲಿ.

ಈಗ ನನ್ನ ಕಥೆ. ನಿನಗೆ ಅರ್ಧ ಗೊತ್ತು, ಉಳಿದರ್ಧ ನಾನು ಯಾರಿಗೂ ಸರಿಯಾಗಿ ಹೇಳಿಲ್ಲ.

2009ರಲ್ಲಿ ನಾನು ಸೇರಿದ್ದು ಇಂಥದೇ ಒಂದು ಕಾಲೇಜಿಗೆ. ಬ್ರೋಶರಿನ ಮೇಲೆ ಗಡಿಯಾರದ ಗೋಪುರ, ಹಸಿರು ಹುಲ್ಲುಹಾಸು ಇತ್ತು. ನಮ್ಮ ತರಗತಿ ಇದ್ದದ್ದು ಅಲ್ಲಿಂದ ನಾಲ್ಕು ಬಸ್ ಸ್ಟಾಪ್ ಆಚೆ, ಕಾರ್ಪೆಟ್ ಅಂಗಡಿಯ ಮೇಲಿನ ಮೂರನೇ ಮಹಡಿಯಲ್ಲಿ. ಕಿಟಕಿಯ ಕೆಳಗೆ ಹೀಟರು, ಅದರ ಮೇಲೆ ಸಾಲಾಗಿ ನಮ್ಮ ಒದ್ದೆ ಕೈಗವಸುಗಳು. ಪಾಠ ಮಾಡಿದವರು ಒಳ್ಳೆಯವರೇ. ಮೊದಲ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಅಣೆಕಟ್ಟು ಮತ್ತು ನೀರಾವರಿ. ಲಕ್ಕವಳ್ಳಿಯ ಭದ್ರಾ ಡ್ಯಾಂ ನೋಡುತ್ತಾ ಬೆಳೆದವನು, ಕೇಳಬೇಕಾ? ಸಾವಿರ ಪದ ಒಂದೇ ಕೂತಿಗೆ ಬರೆದು ಕೊಟ್ಟೆ. ವಾಪಸ್ ಬಂದಾಗ ಪಕ್ಕದ ಅಂಚಿನಲ್ಲಿ ಸೀಸದಕಡ್ಡಿಯಲ್ಲಿ ಹನ್ನೊಂದು ಕಡೆ ಒಂದೇ ಪ್ರಶ್ನೆ: "ಇದನ್ನು ಯಾರು ಹೇಳಿದ್ದು?" ಅಂಕ 48. ಪಿಯುಸಿ ಗಣಿತದಲ್ಲಿ 94 ತೆಗೆದವನಿಗೆ 48! ಅವತ್ತು ರಾತ್ರಿ ಊಟ ಮಾಡಲಿಲ್ಲ. ಆಮೇಲೆ ಆ ಮೇಡಂ ಲೈಬ್ರರಿಯಲ್ಲಿ ಪಕ್ಕ ಕೂರಿಸಿಕೊಂಡು, ಒಂದು ಮಾತಿಗೆ ಆಧಾರ ಹುಡುಕುವುದು ಹೇಗೆ, ಅದನ್ನು ನಮೂದಿಸುವುದು ಹೇಗೆ ಅಂತ ಕಲಿಸಿದರು. ಇವತ್ತು ಸೈಟಿನಿಂದ ನಾನು ಬರೆದು ಕಳಿಸುವ ಪ್ರತಿ ವರದಿಯಲ್ಲೂ ಅವರ ಪಾಠ ಇದೆ. ಹಾಗಾಗಿ ಫೌಂಡೇಶನ್ ಅಂದರೆ ದಂಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಅಂಕ ಕಮ್ಮಿ ಇದ್ದವರಿಗೆ, ಪಿಯುಸಿಯಲ್ಲಿ ಬೇರೆ ವಿಷಯ ಓದಿ ದಾರಿ ಬದಲಿಸುವವರಿಗೆ ಅದೇ ಬಾಗಿಲು.

ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. "ಪ್ರವೇಶ ಖಾತ್ರಿ" ಅಂದಿದ್ದರು ನೆನಪಿದೆಯಾ? ಬೆಂಗಳೂರಿನ ಆ ಆಫೀಸಿಗೆ ನೀನೂ ಬಂದಿದ್ದೆ, ಹೊರಗೆ ಬಂದು ಇಬ್ಬರೂ ಮಸಾಲೆ ದೋಸೆ ತಿಂದು ಸಂಭ್ರಮ ಮಾಡಿದ್ದೆವು. ಆಫರ್ ಲೆಟರಿನ ನಾಲ್ಕನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು: ಸಿವಿಲ್‌ಗೆ ಹೋಗಬೇಕಾದರೆ ಗಣಿತದಲ್ಲಿ 70, ಅಕಾಡೆಮಿಕ್ ಇಂಗ್ಲಿಷಿನಲ್ಲಿ 60. ಅರವತ್ತು ಯಾವ ಲೆಕ್ಕ ಅಂದುಕೊಂಡೆವು ನಾವು, ಅದೂ ಓದಿದ್ದರೆ ತಾನೆ! ಇಲ್ಲಿಯ ಅಂಕದ ಲೆಕ್ಕವೇ ಬೇರೆ ಮಂಜು. ಇಲ್ಲಿ 70 ಬಂದರೆ ಫಸ್ಟ್ ಕ್ಲಾಸ್, 60 ದಾಟಿದರೆ ಒಳ್ಳೆಯ ವಿದ್ಯಾರ್ಥಿ ಅಂತಲೇ ಅರ್ಥ. ಪ್ರಬಂಧಕ್ಕೆ 80 ಬರುವುದು ಅಪರೂಪ. ಗಣಿತ ನನಗೆ ಸುಲಭವಾಗಿ ದಾಟಿತು. ಇಂಗ್ಲಿಷಿನಲ್ಲಿ 57. ಮೂರೇ ಮೂರು ಅಂಕಕ್ಕೆ ಸಿವಿಲ್ ಹೋಯಿತು. ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಕೊಟ್ಟರು, ಸೇರಿಕೊಂಡೆ. ಅಪ್ಪನಿಗೆ ಫೋನಿನಲ್ಲಿ "ಎರಡೂ ಒಂದೇ ಅಪ್ಪ" ಅಂದಿದ್ದೆ. ಒಂದೇ ಅಲ್ಲ. ಸೇತುವೆ ಲೆಕ್ಕ ಹಾಕುವವರ ಪಕ್ಕದಲ್ಲಿ ಕೂತು ಇಷ್ಟು ವರ್ಷ ಕೆಲಸ ಮಾಡಿದ್ದೇನೆ, ಲೆಕ್ಕ ಹಾಕುವವನು ಆಗಲಿಲ್ಲ.

ಅದಕ್ಕೇ ಹೇಳುವುದು. ಯಾವುದೇ ಕಾರಣಕ್ಕೆ ಫೌಂಡೇಶನ್ನೇ ಆಗಬೇಕು ಅಂತಾದರೆ, ಯಾವ ಕೋರ್ಸಿಗೆ, ಯಾವ ವಿಷಯದಲ್ಲಿ, ಎಷ್ಟು ಅಂಕ ಅನ್ನುವುದನ್ನು ಬರಹದಲ್ಲಿ ಪಡೆಯದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ತರಗತಿ ನಡೆಯುವ ಕಟ್ಟಡದ ವಿಳಾಸ ಕೇಳಿ, ಮ್ಯಾಪಿನಲ್ಲಿ ಹಾಕಿ ನೋಡಿ. ಇನ್ನೂ ಕೆಲವು ಸಂಗತಿ ಅವರು ತಾವಾಗಿ ಹೇಳುವುದಿಲ್ಲ. ಫೌಂಡೇಶನ್ ಡಿಗ್ರಿ ಮಟ್ಟಕ್ಕಿಂತ ಕೆಳಗಿನದು. ಹಾಗಾಗಿ ಅದಕ್ಕೆ ಸಾಮಾನ್ಯ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ನಡೆಯುವುದಿಲ್ಲ, ವೀಸಾಕ್ಕೆಂದೇ ಇರುವ 'ಐಇಎಲ್‌ಟಿಎಸ್ ಫಾರ್ ಯುಕೆವಿಐ' ಥರದ್ದೇ ಬರೆಯಬೇಕು. ಡಿಗ್ರಿ ಮಕ್ಕಳು ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ಫೌಂಡೇಶನ್ನಿನವರಿಗೆ ಹೆಚ್ಚೆಂದರೆ 10. ಎಷ್ಟೋ ಕಡೆ ವರ್ಷ ಮುಗಿದ ಮೇಲೆ ಡಿಗ್ರಿಗೆ ಮತ್ತೆ ಹೊಸದಾಗಿ ವೀಸಾ, ಮತ್ತೆ ಫೀಸು. ಪಾರ್ಟ್‌ಟೈಮ್ ಕೆಲಸದಿಂದ ಮನೆಬಾಡಿಗೆ ಹುಟ್ಟುತ್ತದೆ ಅಂತ ಬಾವ ಲೆಕ್ಕ ಹಾಕಿದ್ದರೆ ಅದನ್ನು ಈಗಲೇ ಹೊಡೆದುಹಾಕು.

ಸರಿ, ನೇರವಾಗಿ ಡಿಗ್ರಿಗೆ ಹೋಗುವ ದಾರಿ. ಎಲ್ಲರೂ ಮೊದಲು ನೋಡುವುದು ರ‍್ಯಾಂಕಿಂಗ್. ನೋಡಲಿ, ಆದರೆ ಕ್ಯೂಎಸ್ ಪಟ್ಟಿಯಲ್ಲಿ ಸಂಶೋಧನೆ ಮತ್ತು ಹೆಸರಿಗೆ ತೂಕ ಜಾಸ್ತಿ. ಮೊದಲ ವರ್ಷದ ಹುಡುಗಿಗೆ ಯಾರು ಪಾಠ ಮಾಡುತ್ತಾರೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಸಿವಿಲ್‌ನಲ್ಲಿ ಅದಕ್ಕಿಂತ ಮುಖ್ಯವಾದದ್ದು, ಆ ಕೋರ್ಸಿಗೆ ಜಾಯಿಂಟ್ ಬೋರ್ಡ್ ಆಫ್ ಮಾಡರೇಟರ್ಸ್ (ಇಲ್ಲಿ ಸಿವಿಲ್ ಕೋರ್ಸುಗಳನ್ನು ಪರಿಶೀಲಿಸುವ ಮಂಡಳಿ) ಮಾನ್ಯತೆ ಇದೆಯಾ ಅನ್ನುವುದು. ಮೂರು ವರ್ಷದ ಬಿಇಂಗ್ (ಎಂಜಿನಿಯರಿಂಗ್ ಬ್ಯಾಚುಲರ್ ಡಿಗ್ರಿ) ಮಾಡಿದರೆ ಚಾರ್ಟರ್ಡ್ ಎಂಜಿನಿಯರ್ ಅನ್ನುವ ವೃತ್ತಿ ಮನ್ನಣೆಗೆ ಬೇಕಾದ ಓದಿನಲ್ಲಿ ಒಂದು ಭಾಗ ಬಾಕಿ ಉಳಿಯುತ್ತದೆ, ನಾಲ್ಕು ವರ್ಷದ ಎಂಇಂಗ್ (ಮಾಸ್ಟರ್ಸ್ ಮಟ್ಟದವರೆಗೆ ಹೋಗುವ ಡಿಗ್ರಿ) ಮಾಡಿದರೆ ಪೂರ್ತಿಯಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ಎರಡಕ್ಕೂ ಒಂದೊಂದು ವರ್ಷ ಜಾಸ್ತಿ. ಫೌಂಡೇಶನ್ನಿಗೆ ಸುರಿಯುವ ಆ ಒಂದು ವರ್ಷದ ದುಡ್ಡನ್ನು ಎಂಇಂಗ್‌ನ ನಾಲ್ಕನೇ ವರ್ಷಕ್ಕೆ ಹಾಕಲಿ. ನಾನು ಬಾವನಿಗೆ ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಇನ್ನೊಂದಿದೆ. ಓದಿ ಬಂದು ಪಿಡಬ್ಲ್ಯೂಡಿ ಸೇರಲಿ ಅಂತ ಅಕ್ಕನಿಗೆ ಆಸೆ ಅಂದೆಯಲ್ಲ. 2022ರ ಜುಲೈನಲ್ಲಿ ಭಾರತ ಮತ್ತು ಬ್ರಿಟನ್ ಪರಸ್ಪರ ಡಿಗ್ರಿಗಳಿಗೆ ಮಾನ್ಯತೆ ಕೊಡುವ ಒಪ್ಪಂದ ಮಾಡಿಕೊಂಡವು. ಆದರೆ ಎಂಜಿನಿಯರಿಂಗ್, ಮೆಡಿಕಲ್, ಕಾನೂನಿನಂಥ ವೃತ್ತಿಪರ ಡಿಗ್ರಿಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ನಮ್ಮಲ್ಲಿ ಬಿಇ ನಾಲ್ಕು ವರ್ಷ, ಇಲ್ಲಿ ಮೂರು. ಸರ್ಕಾರಿ ಕೆಲಸದ ಯೋಚನೆ ಇದ್ದರೆ ಸೇರುವ ಮೊದಲೇ ಕೋರ್ಸಿನ ಹೆಸರು ಹಾಕಿ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಅಕ್ಟೋಬರಿನಲ್ಲಿ ಸಹೋದ್ಯೋಗಿಯ ಮಗಳಿಗೆ ಜೊತೆಯಾಗಿ ಒಂದು ವಿಶ್ವವಿದ್ಯಾಲಯದ ಓಪನ್ ಡೇಗೆ, ಅಂದರೆ ಸೇರಬೇಕೆನ್ನುವವರಿಗೆ ಕ್ಯಾಂಪಸ್ ತೋರಿಸುವ ದಿನಕ್ಕೆ, ಹೋಗಿದ್ದೆ. ಎಲ್ಲರೂ ದೊಡ್ಡ ಸಭಾಂಗಣದಲ್ಲಿ ಸ್ಲೈಡ್ ನೋಡುತ್ತಿದ್ದರು, ನಾವಿಬ್ಬರು ಲ್ಯಾಬಿಗೆ ನಡೆದೆವು. ಎರಡನೇ ವರ್ಷದ ಹುಡುಗಿಯೊಬ್ಬಳು ಸುರಕ್ಷತಾ ಬೂಟು ಹಾಕಿಕೊಂಡು ಯಂತ್ರದ ಬಾಯಿಗೆ ಕಾಂಕ್ರೀಟ್ ಕ್ಯೂಬ್ ಇಡುತ್ತಿದ್ದಳು. ಕ್ಯೂಬಿನ ಮೇಲೆ ಮಾರ್ಕರಿನಲ್ಲಿ ತಾರೀಖು, ಇಬ್ಬರ ಹೆಸರು. "ನೀವೇ ಕಲಸಿದ್ದಾ?" ಅಂದೆ. "ಹೂಂ, ನಾವೇ ಕಲಸಿ ಹಾಕಿದ್ದು, ಇವತ್ತಿಗೆ 28 ದಿನ" ಅಂದಳು. ಯಂತ್ರದ ಮುಳ್ಳು ಏರಿತು, ಕ್ಯೂಬಿನ ಮೂಲೆಯಿಂದ ಒಂದು ಗೆರೆ ಹೊರಟಿತು, ಟಪ್ ಅಂತ ಪಕ್ಕ ಕಳಚಿ ಬಿತ್ತು. ಅವಳು ಅಂಕಿ ಬರೆದುಕೊಂಡ ರೀತಿ ನೋಡಿ ನನಗೆ ಸಿಂಚನಾ ನೆನಪಾದಳು. ಸಿಂಚನಾ ಅಲ್ಲಿಂದ ಓಪನ್ ಡೇಗೆ ಬರಲಾರಳು, ಸರಿ. ಆದರೆ ಈಗ ಓದುತ್ತಿರುವ ಮಕ್ಕಳ ಜೊತೆ ಚಾಟ್ ಮಾಡುವ ಅನುಕೂಲ ಎಷ್ಟೋ ವಿಶ್ವವಿದ್ಯಾಲಯಗಳ ಜಾಲತಾಣದಲ್ಲಿದೆ. ಕೇಳಲಿ: ಮೊದಲ ವರ್ಷ ಲ್ಯಾಬಿನಲ್ಲಿ ಎಷ್ಟು ಗಂಟೆ? ಕಂಪನಿಯಲ್ಲಿ ಒಂದು ವರ್ಷ ಕೆಲಸ ಮಾಡುವ ಪ್ಲೇಸ್‌ಮೆಂಟ್ ಹೋದ ವರ್ಷ ನಿಜವಾಗಿ ಯಾರಿಗೆ ಸಿಕ್ಕಿತು?

ಊರಿನ ವಿಷಯ. ಅವಳಿಗೆ ಲಂಡನ್ ಮೇಲೆ ಮನಸ್ಸು ಅಂತ ಕೇಳಿದೆ. ಉತ್ತರ ಇಂಗ್ಲೆಂಡಿನ ಕೆಲವು ವಿಶ್ವವಿದ್ಯಾಲಯಗಳು ಲಂಡನ್ನಿನಲ್ಲಿ ಶಾಖೆ ತೆರೆದಿವೆ. ಹಲವು ಕಡೆ ಅದು ಒಂದು ಆಫೀಸ್ ಕಟ್ಟಡ ಅಷ್ಟೆ, ಲ್ಯಾಬೂ ಆಟದ ಮೈದಾನವೂ ಮೂಲ ಊರಲ್ಲೇ ಉಳಿದಿರುತ್ತವೆ. ಖರ್ಚಿನ ವ್ಯತ್ಯಾಸವನ್ನು ವೀಸಾ ನಿಯಮದಲ್ಲೇ ನೋಡು. ಜೀವನ ವೆಚ್ಚಕ್ಕೆ ಅಂತ ತೋರಿಸಬೇಕಾದದ್ದು ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಹೊರಗಡೆ 1,171. ಒಂಬತ್ತು ತಿಂಗಳಿಗೆ 13,761 ಮತ್ತು 10,539. ಆ ಹಣ ಸತತ 28 ದಿನ ಖಾತೆಯಲ್ಲಿರಬೇಕು. ಖಾತೆ ಸಿಂಚನಾದ್ದೋ ಅವಳ ಅಪ್ಪ ಅಮ್ಮನದೋ ಆಗಿರಬೇಕು. ಸೋದರಮಾವನ ಖಾತೆ ನಡೆಯುವುದಿಲ್ಲ ಮಂಜು. ನೀನು ಕೊಡುವುದಿದ್ದರೆ ಮೊದಲೇ ಅಕ್ಕನ ಖಾತೆಗೆ ಹಾಕಿಡು. ಜೊತೆಗೆ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಗೆ ವರ್ಷಕ್ಕೆ 776 ಪೌಂಡ್, ಇಡೀ ವೀಸಾ ಅವಧಿಯದ್ದು ಒಟ್ಟಿಗೆ ಮೊದಲೇ ಕಟ್ಟಬೇಕು. ಲಂಡನ್ ನೋಡುವುದಕ್ಕೆ ರೈಲಿದೆ. ಇಲ್ಲಿಂದ ಎರಡು ಗಂಟೆಯೂ ಬೇಡ. ಥೇಮ್ಸ್ ದಡದ ಲ್ಯಾಂಬೆತ್‌ನಲ್ಲಿ 2015ರಲ್ಲಿ ನಿಲ್ಲಿಸಿದ ಬಸವಣ್ಣನ ಪ್ರತಿಮೆಯ ಹತ್ತಿರ ನಾನೇ ಅವಳನ್ನು ಕರೆದುಕೊಂಡು ಹೋಗುತ್ತೇನೆ.

ಓದು ಮುಗಿದ ಮೇಲೆ ಇಲ್ಲೇ ಇದ್ದು ಕೆಲಸ ಹುಡುಕಬಹುದಲ್ಲ ಅಂತ ಬಾವ ಕೇಳಿದರಂತೆ. ನಾನು ಬಂದಾಗ ಅದಕ್ಕೆ ಎರಡು ವರ್ಷದ ವೀಸಾ ಇತ್ತು. 2012ರ ಏಪ್ರಿಲ್‌ನಲ್ಲಿ, ನನ್ನ ಡಿಗ್ರಿ ಅರ್ಧದಲ್ಲಿದ್ದಾಗ, ಅದನ್ನು ಮುಚ್ಚಿದರು. ನನಗೆ ಸ್ಪಾನ್ಸರ್ ಮಾಡುವ ಕಂಪನಿ ಸಿಕ್ಕಿತು, ನನ್ನ ಜೊತೆಯವರಲ್ಲಿ ಬಹಳ ಜನ ಸಾಲದೊಂದಿಗೆ ವಾಪಸ್ ಹೋದರು. 2021ರಲ್ಲಿ ಮತ್ತೆ ತೆರೆದರು. 2027ರ ಜನವರಿಯಿಂದ ಡಿಗ್ರಿಯವರಿಗೆ ಅದು 18 ತಿಂಗಳಿಗೆ ಇಳಿಯುತ್ತದೆ. ಸಿಂಚನಾ ಮುಗಿಸುವ ಹೊತ್ತಿಗೆ ಏನಿರುತ್ತದೋ, ತೋಟದ ಸಾಲವನ್ನು ಆ ಭರವಸೆಯ ಮೇಲೆ ಕಟ್ಟಬೇಡಿ. ಬೆಂಗಳೂರಿನಲ್ಲಿ ಕ್ಯಾಂಪಸ್ ತೆರೆಯಲು ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಇದೇ ವರ್ಷ ಯುಜಿಸಿ ಒಪ್ಪಿಗೆ ಕೊಟ್ಟಿದೆ, 2026ಕ್ಕೆ ತರಗತಿ ಶುರು ಅಂದಿದ್ದಾರೆ. ಕಂಪ್ಯೂಟರ್ ಸೈನ್ಸ್ ಓದುವವರಿಗೆ ಅದೂ ಒಂದು ದಾರಿ, ಇವಳಿಗೆ ಬೇಕಾದ ಸಿವಿಲ್ ಮೊದಲ ಪಟ್ಟಿಯಲ್ಲಿಲ್ಲ.

ಈಗ ಆಗಬೇಕಾದ ಕೆಲಸ. ಡಿಗ್ರಿಗೆ ಅರ್ಜಿ ಹೋಗುವುದು ಯುಕಾಸ್ ಅನ್ನುವ ಇಲ್ಲಿಯ ಪ್ರವೇಶ ಅರ್ಜಿ ಸಂಸ್ಥೆಯ ಮೂಲಕ. ಒಂದೇ ಅರ್ಜಿ, ಐದು ಕೋರ್ಸು, ಶುಲ್ಕ ಮೂವತ್ತು ಪೌಂಡಿನೊಳಗೆ. ಏಜೆಂಟರಿಲ್ಲದೆ ಅವಳೇ ತುಂಬಬಹುದು. 2026ರ ಸೀಟಿಗೆ ಜನವರಿ 14 ಕಡೆಯ ದಿನ. ಆಮೇಲೂ ತೆಗೆದುಕೊಳ್ಳುತ್ತಾರೆ, ಆದರೆ ಸೀಟು ಉಳಿದಿದ್ದರೆ ಮಾತ್ರ. ಮೊದಲೆಲ್ಲ ತನ್ನ ಬಗ್ಗೆ ಉದ್ದಕ್ಕೆ ಒಂದು ಬರಹ ಬರೆಯಬೇಕಿತ್ತು. ಈ ಸಲದಿಂದ ಮೂರು ಪ್ರಶ್ನೆ: ಈ ವಿಷಯವೇ ಯಾಕೆ, ಇಲ್ಲಿಯವರೆಗಿನ ಓದು ಹೇಗೆ ತಯಾರು ಮಾಡಿದೆ, ಓದಿನ ಹೊರಗೆ ಏನು ಮಾಡಿದ್ದೀಯ. ಭದ್ರಾ ನಾಲೆಯ ಕೊನೇ ಭಾಗಕ್ಕೆ ನೀರು ಬರದೆ ಬಾವ ಎರಡು ಬೇಸಿಗೆ ಟ್ಯಾಂಕರ್ ಹೊಡೆಸಿದ್ದನ್ನು ಅವಳು ಕಣ್ಣಾರೆ ನೋಡಿದ್ದಾಳೆ. ಬೇರೆ ಏನೂ ಹುಡುಕುವುದು ಬೇಡ, ಅದನ್ನೇ ಬರೆಯಲಿ.

ಕಾಲೇಜಿನಿಂದ ಒಂದು ಶಿಫಾರಸು ಪತ್ರ, ಸೆಕೆಂಡ್ ಪಿಯುಸಿಯಲ್ಲಿ ಎಷ್ಟು ಬರಬಹುದು ಅನ್ನುವ ಅಂದಾಜು ಅಂಕ ಬೇಕು. ನಮ್ಮ ಪ್ರಿನ್ಸಿಪಾಲರು "ವಿನಯಶೀಲೆ, ಸದ್ಗುಣಿ" ಅಂತ ಎರಡು ಸಾಲು ಬರೆದು ಸೀಲು ಒತ್ತುತ್ತಾರೆ. ಅದು ಇಲ್ಲಿ ಸಾಲದು. ಅವಳ ಫಿಸಿಕ್ಸ್ ಮೇಷ್ಟ್ರನ್ನು ನೀನೇ ಹೋಗಿ ಕಾಣು. ಅವಳು ತರಗತಿಯಲ್ಲಿ ಕೇಳಿದ ಒಂದು ಪ್ರಶ್ನೆ, ಬಿಡಿಸಿದ ಒಂದು ಲೆಕ್ಕ, ಅಂಥದ್ದನ್ನು ಬರೆಯಲು ಕೇಳಿಕೋ.

ಡೆಪಾಸಿಟ್ ಕಟ್ಟುವುದನ್ನು ನಿಲ್ಲಿಸು ಅಂತ ಇವತ್ತೇ ಬಾವನಿಗೆ ಹೇಳಿಬಿಡು. ಸಿಂಚನಾಗೆ ಹೇಳು, ಮಾನ್ಯತೆ ಇರುವ ಸಿವಿಲ್ ಕೋರ್ಸುಗಳಲ್ಲಿ ಅವಳಿಗೆ ಇಷ್ಟವಾದ ಹತ್ತು ಆರಿಸಿ, ಪ್ರತಿಯೊಂದರ ಎದುರು ರಾಜ್ಯ ಬೋರ್ಡಿಗೆ ಕೇಳುವ ಅಂಕ ಬರೆದು ನನಗೆ ಕಳಿಸಲಿ. ಶನಿವಾರ ನಿಮ್ಮ ಸಂಜೆ ಆರಕ್ಕೆ ವಿಡಿಯೋ ಕರೆ ಮಾಡುತ್ತೇನೆ, ಹತ್ತನ್ನು ಐದಕ್ಕೆ ಇಳಿಸೋಣ. ಫೋನು ಅವಳ ಕೈಯಲ್ಲೇ ಇರಲಿ, ಅಕ್ಕ ಬಾವ ಪಕ್ಕದಲ್ಲಿ ಕೂತು ಕೇಳಲಿ.

ನಿನ್ನವನೇ,
ರವಿ