ಸುಮಾಗೆ, ಅಂಚಿನಲ್ಲಿ ಬರೆದ ಆ ಸಾಲಿನ ಬಗ್ಗೆ

ಸಾಗರ, ಭಾನುವಾರ ಸಂಜೆ

ಚಿ. ಸೌ. ಸುಮಾಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಅಳಿಯಂದಿರ ಸ್ಕ್ಯಾನ್ ವಿಷಯ, ಮಿದುಳಿನಲ್ಲಿ ಗಡ್ಡೆ ಇದೆ, ಆಪರೇಷನ್ ಮಾಡಬಹುದು ಅಂತ ಡಾಕ್ಟರು ಹೇಳಿದ್ದು, ಎಲ್ಲ ನಿನ್ನ ಅಮ್ಮನಿಂದ ಫೋನಿನಲ್ಲಿ ಕೇಳಿದ್ದೇನೆ. ಅದನ್ನು ಮತ್ತೆ ಎತ್ತುವುದಿಲ್ಲ. ಆದರೆ ಕೊನೇ ಪುಟದಲ್ಲಿ ಜಾಗ ಸಾಲದೆ ಅಂಚಿನಲ್ಲಿ ಬರೆದಿದ್ದೀಯಲ್ಲ, "ನಾನು ಮಾಡಿಸಿ ಅಂತ ಹೇಳಿ, ಆಮೇಲೆ ಅವರಿಗೆ ಮಾತೇ ಹೋದರೆ, ಜೀವನಪೂರ್ತಿ ಅವರ ಮುಖ ಹೇಗೆ ನೋಡಲಿ" ಅಂತ. ಅದನ್ನು ಓದಿದ ಮೇಲೆ ಸರಿಯಾಗಿ ನಿದ್ದೆ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೇಳುವುದು ನೀನೊಬ್ಬಳೇ ಅಂತ ಯಾಕೆ ಅಂದುಕೊಂಡೆ ಮಗಳೇ? ಅಳಿಯಂದಿರ ಬುದ್ಧಿ ಸ್ಪಷ್ಟವಾಗಿದೆ. ಹೋದ ವಾರ ನನ್ನ ಹತ್ತಿರ ಅಷ್ಟು ಹೊತ್ತು ಮಾತಾಡಿದರು, ತೋಟದ ಕೊಳೆರೋಗದ ಬಗ್ಗೆ ಕೂಡ ವಿಚಾರಿಸಿದರು. ಹಾಗಿರುವವರು ಒಪ್ಪಿಗೆ ಪತ್ರಕ್ಕೆ ತಾವೇ ಸಹಿ ಹಾಕಬೇಕು. ಜೊತೆಗಿರುವವರ ಸಹಿಯನ್ನೂ ಆಸ್ಪತ್ರೆಯವರು ಕೇಳುತ್ತಾರೆ, ನಿಜ. ಅದು ಬೇರೆ ಲೆಕ್ಕ. ಕಾಯಿಲೆ ಅವರದು, ತಲೆ ಅವರದು, ತೀರ್ಮಾನವೂ ಮೊದಲು ಅವರದೇ. ನೀನು ಪಕ್ಕದಲ್ಲಿ ಕೂತು ಯೋಚಿಸಬೇಕು, ಅಷ್ಟೇ. ಅಷ್ಟೇ ಅಂದೆ, ಅದೇನೂ ಸಣ್ಣ ಕೆಲಸ ಅಲ್ಲ ಅಂತ ನನಗೆ ಗೊತ್ತು.

ನಿನ್ನ ದೊಡ್ಡಪ್ಪನ ಕಥೆ ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ್ದು ಸ್ವಲ್ಪ ಇದೆ. 1986ರಲ್ಲಿ ಅವರನ್ನು ಬೆಂಗಳೂರಿಗೆ ಕರೆದುಕೊಂಡು ಹೋದಾಗ, ಟ್ಯೂಮರ್ ಅನ್ನುವ ಮಾತನ್ನು ಅವರೆದುರು ಆಡಕೂಡದು ಅಂತ ನಮ್ಮ ಮಾವನವರು ಕಟ್ಟಪ್ಪಣೆ ಮಾಡಿದ್ದರು. ಡಾಕ್ಟರ ಹತ್ತಿರ ಮಾತಾಡಿದ್ದು ಭಾವ, ಸಹಿ ಹಾಕಿದ್ದೂ ಭಾವ. ಇವರನ್ನು ಯಾರೂ ಕೇಳಲಿಲ್ಲ, ನನ್ನನ್ನಂತೂ ಇಲ್ಲವೇ ಇಲ್ಲ. ಆದರೆ ಇವರಿಗೆ ಎಲ್ಲ ಗೊತ್ತಿತ್ತು. ಫೈಲು ಮಂಚದ ತುದಿಯಲ್ಲೇ ನೇತಾಡುತ್ತಿತ್ತು, ಓದಿಕೊಂಡಿದ್ದರು. ಆಪರೇಷನ್ನಿನ ಹಿಂದಿನ ಸಂಜೆ, "ನೋಡು, ನನಗೇನಾದರೂ..." ಅಂತ ಶುರು ಮಾಡಿದರು. ನಾನು "ಬಿಡ್ತು ಅನ್ನಿ" ಅಂದೆ. ನಮ್ಮ ಕಡೆ ಎಲ್ಲರೂ ಹಾಗೇ ಅನ್ನುವುದು. ಅವರು ಸುಮ್ಮನಾದರು. ಎಷ್ಟೋ ವರ್ಷ ಕಳೆದ ಮೇಲೆ, ಅವತ್ತು ಏನು ಹೇಳಲು ಹೊರಟಿದ್ದಿರಿ ಅಂತ ಕೇಳಿದೆ. ನೆನಪಿಲ್ಲ ಅಂದರು. ನಿಜವಾಗಿ ನೆನಪಿರಲಿಲ್ಲವೋ, ಹೇಳಲು ಮನಸ್ಸಿರಲಿಲ್ಲವೋ, ಇವತ್ತಿಗೂ ತಿಳಿಯದು. ಸುಮಾ, ಅಳಿಯಂದಿರು ಹಾಗೆ ಮಾತು ಶುರು ಮಾಡಿದರೆ ತಡೆಯಬೇಡ. ಅಳು ಬಂದರೂ ಕೇಳು.

ಇನ್ನು ಮುಖ ನೋಡುವ ವಿಷಯ. ಸಹಿ ನನ್ನದಲ್ಲ, ಮಾಡಿಸಿ ಅಂತ ನಾನು ಅಂದವಳೂ ಅಲ್ಲ. ಆದರೂ ಆಪರೇಷನ್ ಆದ ಮೇಲೆ ನಿನ್ನ ದೊಡ್ಡಪ್ಪ ಒಂದೊಂದು ಪದಕ್ಕೆ ತಡಕಾಡುವಾಗ ನನ್ನ ಹೊಟ್ಟೆಯಲ್ಲಿ ಅದೇ ಸಂಕಟ, ನಾನೇ ಏನೋ ಮಾಡಿಬಿಟ್ಟೆ ಅನ್ನುವ ಹಾಗೆ. ಅಂದರೆ ನೀನು ಬಾಯಿ ಬಿಡದೆ ಕೂತರೂ ಅದು ನಿನ್ನನ್ನು ಬಿಡುವುದಿಲ್ಲ. ಕಾಫಿ ಬೇಕಾದಾಗ ಬಾಗಿಲು ಕೊಡು ಅನ್ನುತ್ತಿದ್ದರು. ವಿಚಿತ್ರ ಅಂದರೆ ಬೆಳಿಗ್ಗೆ ವಿಷ್ಣುಸಹಸ್ರನಾಮ ಶುರು ಮಾಡಿದರೆ ಒಂದು ಅಕ್ಷರ ತಪ್ಪುತ್ತಿರಲಿಲ್ಲ. ನಮ್ಮ ಪಕ್ಕದ ಮನೆಯ ಹುಡುಗಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು. ಅವಳು ಆಮೇಲೆ ಬಿಡಿಸಿ ಹೇಳಿದಳು. ಬಾಯಿಪಾಠ ಆದದ್ದು, ಹಾಡು, ಒಂದು ಎರಡು ಎಣಿಸುವುದು, ಇವು ಎಷ್ಟೋ ಜನರಲ್ಲಿ ಉಳಿದುಕೊಳ್ಳುತ್ತವಂತೆ. ಪದ ಹುಡುಕಲಾಗದವರೂ ನಾವು ಆಡಿದ್ದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬಹುದಂತೆ. ಅವರಿಗೆ ಸಿಟ್ಟು ಬರುತ್ತಿದ್ದದ್ದು ನಾನು ಅವಸರಕ್ಕೆ ಅವರ ಮಾತನ್ನು ಮುಗಿಸಿ ಕೊಟ್ಟಾಗ. ಆಪರೇಷನ್ ಯಾಕೆ ಮಾಡಿಸಿದಿರಿ ಅಂತ ಒಂದು ದಿನವೂ ಕೇಳಲಿಲ್ಲ. ಮಾತು ತಿಂಗಳುಗಟ್ಟಲೆ ತೆಗೆದುಕೊಂಡು ಮುಕ್ಕಾಲು ಪಾಲು ವಾಪಸ್ ಬಂತು. ಬಲಗೈ ಬರಲಿಲ್ಲ. ಎಡಗೈಯಲ್ಲೇ ಅಡಿಕೆ ಮಂಡಿಯ ಲೆಕ್ಕ ಬರೆದುಕೊಂಡು 2009ರವರೆಗೆ ಇದ್ದರು.

ಇದನ್ನು ನಿನಗೆ ಧೈರ್ಯಕ್ಕೆ ಅಂತ ಹೇಳಿದರೆ ಮೋಸ ಆಗುತ್ತದೆ. ಅವರದು ಮಿದುಳಿನ ಹೊರಪೊರೆಯಲ್ಲಿ ಎದ್ದ ಗಂಟು, ಒಳಗೆ ಒತ್ತುತ್ತಿತ್ತು. ಅಳಿಯಂದಿರದು ಗ್ಲಯೋಮಾ ಅಂತ ಬರೆದಿದ್ದೀಯ. ಅದು ಮಿದುಳಿನೊಳಗೇ ಹುಟ್ಟಿ, ಒಳಗೇ ಹರಡಿಕೊಳ್ಳುವಂಥದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ಹಾಗಿಲ್ಲ.

ಆದರೆ ಒಂದು ಮಾತು ಯೋಚಿಸಿ ನೋಡು. ಬೇಡ ಅಂದರೆ ಯಾರೂ ಏನೂ ಮಾಡಿದ ಹಾಗಾಗುವುದಿಲ್ಲ ಅಂತ ನಿನ್ನ ಮನಸ್ಸು ಹೇಳುತ್ತಿರಬಹುದು. ಅದು ಹಾಗಲ್ಲ. ಬೆಳೆಯುತ್ತಾ ಹೋದರೆ ಆ ಗಡ್ಡೆಯೇ ಮಾತನ್ನು ತೆಗೆದುಕೊಳ್ಳಬಹುದು. ನಿಧಾನವಾಗಿ ಬೆಳೆಯುವಂಥದ್ದು ಮುಂದೆ ಜೋರಾಗುವುದೂ ಇದೆ. ಸ್ವಲ್ಪ ಚೂರು ತೆಗೆದು ಪರೀಕ್ಷೆಗೆ ಕಳಿಸದೆ ಅದರ ಜಾತಿ ಖಚಿತವಾಗಿ ತಿಳಿಯುವುದೂ ಇಲ್ಲ. ಕಾಯುವುದೇ ಸರಿ ಅಂತ ಡಾಕ್ಟರು ಹೇಳುವ ರೋಗಿಗಳೂ ಇದ್ದಾರೆ, ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಾರೆ. ನಾನು ಇದು ಮಾಡು, ಅದು ಬಿಡು ಅನ್ನುತ್ತಿಲ್ಲ. ಹೆದರಿಕೆ ತಡೆಯಲಾಗದೆ ಬೇಡ ಅನ್ನಬೇಡ, ಅಷ್ಟೇ ನನ್ನ ಮಾತು.

ಅಳಿಯಂದಿರನ್ನು ಎಚ್ಚರವಾಗಿ ಇಟ್ಟುಕೊಂಡೇ ಆಪರೇಷನ್ ಮಾಡುತ್ತಾರಂತೆ ಅಂತ ನಡುಗಿ ಬರೆದಿದ್ದೀಯ. ನನಗೂ ಕೇಳಿ ಮೈ ಜುಮ್ಮೆಂದಿತು. ಆ ಪಕ್ಕದ ಮನೆಯ ಹುಡುಗಿಯನ್ನೇ ಕರೆದು ವಿಚಾರಿಸಿದೆ. ಮಿದುಳಿಗೆ ತನ್ನದೇ ನೋವು ಇಲ್ಲವಂತೆ. ನೋವಿರುವುದು ನೆತ್ತಿಯ ಚರ್ಮಕ್ಕೆ, ಮಿದುಳಿನ ಹೊರಪದರಕ್ಕೆ. ಅದನ್ನು ಮರಗಟ್ಟಿಸುತ್ತಾರೆ. ಚಿತ್ರ ತೋರಿಸಿ ಹೆಸರು ಕೇಳುತ್ತಾ, ಸಣ್ಣ ಕರೆಂಟು ತಾಗಿಸುತ್ತಾ ಹೋಗುತ್ತಾರಂತೆ. ಎಲ್ಲಿ ಮಾತು ತಡವರಿಸುತ್ತದೋ ಆ ಜಾಗವನ್ನು ಮುಟ್ಟದೆ ಬಿಡುತ್ತಾರೆ. ಅಂದರೆ ನೀನು ಯಾವುದಕ್ಕೆ ಹೆದರುತ್ತಿದ್ದೀಯೋ ಅದನ್ನು ಕಾಯಲಿಕ್ಕೇ ಈ ಏರ್ಪಾಡು ಇರುವುದು. ಅಳಿಯಂದಿರು ಪಾಠ ಮಾಡುವುದು ಇಂಗ್ಲಿಷಿನಲ್ಲಿ, ಮನೆಯಲ್ಲಿ ಕನ್ನಡ. ಎರಡೂ ಭಾಷೆಯಲ್ಲಿ ಕೇಳಿಸಿ ನೋಡುತ್ತೀರಾ ಅಂತ ಮೊದಲೇ ವಿಚಾರಿಸು.

ಇನ್ನೊಂದು ಕಡೆ ತೋರಿಸುವುದಕ್ಕೆ ಸಂಕೋಚ ಬೇಡ. ಈಗಿನ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೂ ಅದು ನಿನ್ನ ತಲೆನೋವಲ್ಲ. ನಿಮ್ಹಾನ್ಸ್‌ಗೆ ಹೋಗುವುದಾದರೆ ಬೇಗ ಹೋಗು, ಕ್ಯೂ ಜಾಸ್ತಿ. ಬರೀ ರಿಪೋರ್ಟ್ ಸಾಲದು, ಎಂಆರ್‌ಐ ಸಿಡಿಯನ್ನೇ ಇಟ್ಟುಕೋ. "ಏನೂ ಆಗುವುದಿಲ್ಲ ಅಲ್ವಾ" ಅಂತ ಕೇಳಬೇಡ, ಅದಕ್ಕೆ ಯಾರೂ ನಿಜ ಹೇಳಲಾರರು. ಎಷ್ಟು ತೆಗೆಯುತ್ತೀರಿ, ಎಲ್ಲಿ ನಿಲ್ಲಿಸುತ್ತೀರಿ, ಇಂಥ ಜಾಗದ್ದು ಎಷ್ಟು ಮಾಡಿದ್ದೀರಿ ಅಂತ ಕೇಳು. ಬರೆದುಕೋ, ಆ ಕೋಣೆಯಿಂದ ಹೊರಗೆ ಬಂದರೆ ಅರ್ಧ ಮರೆತಿರುತ್ತದೆ.

ಇಷ್ಟೆಲ್ಲ ಹೇಳುವುದಕ್ಕೆ ನಾನು ಯಾರು ಅನಿಸುತ್ತದೆ. ಆದರೂ ಇನ್ನೊಂದು. ಅಳಿಯಂದಿರು ರೇಗುತ್ತಾರೆ, ರಾತ್ರಿಯೆಲ್ಲ ಎದ್ದಿರುತ್ತಾರೆ ಅಂದೆಯಲ್ಲ, ಅದು ಊತ ಇಳಿಸಲು ಕೊಡುವ ಡೆಕ್ಸಾ ಮಾತ್ರೆಯ ಕಾಟ ಇರಬಹುದು. ನಿನ್ನ ಮೇಲಿನ ಸಿಟ್ಟು ಅಂತ ತಿಳಿಯಬೇಡ. ಡಾಕ್ಟರಿಗೆ ಹೇಳು, ತಾವಾಗಿಯೇ ನಿಲ್ಲಿಸಬಾರದು. ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸು, ಬಾಯಿಗೆ ಚಮಚ ಗಿಮಚ ತುರುಕಬೇಡ, ಕೈಗೆ ಕಬ್ಬಿಣ ಬೇಡ. ಐದು ನಿಮಿಷ ದಾಟಿದರೆ ಆಂಬುಲೆನ್ಸ್. ಬೈಕ್ ಕೀಲಿ ಎತ್ತಿಡು, ಈ ಒಂದು ವಿಷಯದಲ್ಲಿ ಜಗಳ ಆದರೂ ಆಗಲಿ.

ಮತ್ತೆ ಅಲ್ಲಿಗೇ ಬರುತ್ತೇನೆ. ನಿನ್ನ ಹೆದರಿಕೆಯನ್ನು ನನಗೆ ಬರೆದೆ. ಅವರಿಗೆ ಹೇಳಿದೆಯಾ? ಹೇಳು. "ನನಗೆ ಹೀಗೆ ಭಯ ಆಗಿದೆ, ಮಾತು ಕಡಿಮೆಯಾದರೆ ನೀವು ಹೇಗೆ ಬದುಕುತ್ತೀರಿ, ಯಾವುದು ಹೋದರೆ ತಡೆದುಕೊಳ್ಳುತ್ತೀರಿ, ಯಾವುದು ಆಗದು" ಅಂತ ಈಗಲೇ, ಅವರ ಬಾಯಿಂದಲೇ ಕೇಳು. ಅವರು ಹೇಳಿದ್ದು ನಿನಗೆ ಇಷ್ಟ ಆಗದೇ ಇರಬಹುದು. ಆದರೆ ಮುಂದೆ ಏನೇ ಆದರೂ ಇಬ್ಬರೂ ಕೂತು ಮಾತಾಡಿದ್ದು ಅಂತ ಒಂದು ಇರುತ್ತದೆ. ನನಗೆ ಅದು ಇರಲಿಲ್ಲ.

ದಿನ ಗೊತ್ತಾದ ತಕ್ಷಣ ಫೋನ್ ಮಾಡು. ರಾತ್ರಿ ರೈಲಿಗೆ ಹೊರಟು ಬರುತ್ತೇನೆ. ಅಡುಗೆ, ಮಗುವಿನ ಸ್ಕೂಲು ನನಗಿರಲಿ. ಆಸ್ಪತ್ರೆಯಲ್ಲಿ ನೀನೇ ಇರು, ಬೇರೆ ಯಾರಾದರೂ ಇರುತ್ತೇನೆ ಅಂದರೂ ಒಪ್ಪಬೇಡ.

ನಿನ್ನ ದೊಡ್ಡಮ್ಮ