ಎಲ್ಲವನ್ನೂ ಕ್ಲೌಡ್‌ಗೆ ಹಾಕುವ ಮುನ್ನ ಫ್ರಾನ್ಸ್ ಏನು ಮಾಡಿತು ನೋಡಿ

ಮಾನ್ಯ ಸಂಪಾದಕರೇ,

ಫ್ರಾನ್ಸಿನ ಆರ್ಥಿಕತೆಯಲ್ಲಿ ಹೈಬ್ರಿಡ್ ಕ್ಲೌಡ್ ಬೆಳೆಯುತ್ತಿರುವ ಬಗ್ಗೆ ತಮ್ಮ ವಾಣಿಜ್ಯ ಪುಟದಲ್ಲಿ ಬಂದ ವರದಿಯನ್ನು ಓದಿದೆವು. ವಿಷಯ ಒಳ್ಳೆಯದು, ಬೇಕಾದದ್ದು. ಕ್ಲೌಡ್ ಎಂದರೆ ಬೇರೆ ಕಂಪನಿಯ ಸರ್ವರನ್ನು (ದತ್ತಾಂಶ, ತಂತ್ರಾಂಶ ಇಡುವ ಕಂಪ್ಯೂಟರನ್ನು) ಇಂಟರ್ನೆಟ್ ಮೂಲಕ ಬಾಡಿಗೆಗೆ ಬಳಸುವುದು. ಆದರೆ ಅದನ್ನು ಓದಿದ ನಮ್ಮ ತುಮಕೂರಿನ ಸಣ್ಣ ಕಾರ್ಖಾನೆ ಮಾಲೀಕರು, ಅಕ್ಕಿ ಗಿರಣಿಯವರು, ಸಹಕಾರ ಸಂಘದ ಕಾರ್ಯದರ್ಶಿಗಳು ‘ಯುರೋಪಿನವರೆಲ್ಲ ಕ್ಲೌಡ್‌ಗೆ ಹೋದರು, ನಮ್ಮ ಸರ್ವರನ್ನೂ ತೆಗೆದುಹಾಕೋಣ’ ಎಂದುಕೊಂಡರೆ ದಾರಿ ತಪ್ಪುತ್ತದೆ. ವಸಂತನರಸಾಪುರ, ಅಂತರಸನಹಳ್ಳಿ ಕೈಗಾರಿಕಾ ಪ್ರದೇಶಗಳ ಕಡೆ ಕ್ಲೌಡ್ ಮಾರುವವರು ಹೇಳುತ್ತಿರುವುದೂ ಬಹುತೇಕ ಅದನ್ನೇ. ಫ್ರಾನ್ಸ್ ಮಾಡಿದ್ದು ಅದಲ್ಲ.

ಹೈಬ್ರಿಡ್ ಎಂದರೆ ಸ್ವಂತ ಕೊಠಡಿಯ ಸರ್ವರ್ ಒಂದು ಕಡೆ, ಬಾಡಿಗೆಯ ಕ್ಲೌಡ್ ಇನ್ನೊಂದು ಕಡೆ, ಎರಡರ ನಡುವೆ ಭದ್ರವಾದ ಸಂಪರ್ಕ. ಯಾವ ಕೆಲಸ ಎಲ್ಲಿ ನಡೆಯಬೇಕು ಎಂದು ಆರಿಸುವ ಹಕ್ಕು ನಮ್ಮ ಕೈಯಲ್ಲೇ ಇರುತ್ತದೆ. 2023ರಲ್ಲಿ ಯುರೋಪಿಯನ್ ಒಕ್ಕೂಟದಲ್ಲಿ ಹತ್ತು ಅಥವಾ ಹೆಚ್ಚು ನೌಕರರಿರುವ ಉದ್ಯಮಗಳ ಪೈಕಿ 45.2 ಶೇಕಡಾ ಉದ್ಯಮಗಳು ಹಣ ಕೊಟ್ಟು ಕ್ಲೌಡ್ ಬಳಸುತ್ತಿದ್ದವು ಎಂದು ಒಕ್ಕೂಟದ ಅಂಕಿಅಂಶ ಸಂಸ್ಥೆ ಯುರೋಸ್ಟಾಟ್ ಹೇಳುತ್ತದೆ. ಫ್ರಾನ್ಸ್ ಆ ಸರಾಸರಿಗಿಂತ ಕೆಳಗಿತ್ತು. ಹಾಗಾಗಿ ಅಲ್ಲಿನ ಬೆಳವಣಿಗೆಯ ವೇಗಕ್ಕಿಂತ ಅದರ ರೀತಿಯನ್ನು ಗಮನಿಸಬೇಕು.

ಮೊದಲ ಪ್ರಯತ್ನ ಕೈಕೊಟ್ಟಿತ್ತು. 2012ರಲ್ಲಿ ಸರ್ಕಾರದ ಹಣವೂ ಸೇರಿ ಕ್ಲೌಡ್‌ವಾಟ್, ನ್ಯೂಮರ್ಜಿ ಎಂಬ ಎರಡು ದೇಶಿ ಕ್ಲೌಡ್ ಕಂಪನಿಗಳು ಶುರುವಾದವು. ಸಾಕಷ್ಟು ಗ್ರಾಹಕರು ಬರಲಿಲ್ಲ. ಕ್ಲೌಡ್‌ವಾಟ್ 2020ರ ಫೆಬ್ರುವರಿಯಲ್ಲಿ ಬಾಗಿಲು ಹಾಕಿತು, ಅದನ್ನು ನಂಬಿದವರು ತಮ್ಮ ದತ್ತಾಂಶವನ್ನು ಬೇರೆಡೆಗೆ ಹೊರಬೇಕಾಯಿತು. 2021ರಲ್ಲಿ ಅಲ್ಲಿನ ಸರ್ಕಾರ ಹೊಸ ನೀತಿ ತಂದಿತು. ಸರ್ಕಾರಿ ಇಲಾಖೆಗಳ ಹೊಸ ಯೋಜನೆಗಳಿಗೆ ಕ್ಲೌಡೇ ಮೊದಲ ಆಯ್ಕೆ, ನಿಜ. ಆದರೆ ಹಣಕಾಸು ಇಲಾಖೆಯವರ ‘ನ್ಯೂಬೊ’, ಗೃಹ ಇಲಾಖೆಯವರ ‘ಪಿ’ ಎಂಬ ಸರ್ಕಾರದ ಸ್ವಂತ ಕ್ಲೌಡ್‌ಗಳು ಉಳಿದುಕೊಂಡವು. ಸೂಕ್ಷ್ಮ ಮಾಹಿತಿ ಖಾಸಗಿ ಕ್ಲೌಡ್‌ಗೆ ಹೋಗಬೇಕಾದರೆ ಆ ಕಂಪನಿ ಅಲ್ಲಿನ ಸೈಬರ್ ಭದ್ರತಾ ಸಂಸ್ಥೆಯ ‘ಸೆಕ್‌ನಮ್‌ಕ್ಲೌಡ್’ ಅರ್ಹತೆ ಪಡೆದಿರಬೇಕು. ಹೊರದೇಶದ ಕಾನೂನು ಬಂದು ಕೈಹಾಕದಂತೆ ರಕ್ಷಣೆಯ ಷರತ್ತುಗಳು 2022ರ ಆವೃತ್ತಿಯಲ್ಲಿ ಸೇರಿದವು. 2024ರ ಮೇ 21ರ ಕಾನೂನು ಇನ್ನೂ ಮುಂದೆ ಹೋಯಿತು: ಕಂಪನಿಗಳು ಆಮಿಷವಾಗಿ ಕೊಡುವ ಉಚಿತ ಬಳಕೆಯ ಕ್ರೆಡಿಟ್‌ಗೆ ಗರಿಷ್ಠ ಒಂದು ವರ್ಷದ ಮಿತಿ, ಗ್ರಾಹಕ ಬಿಟ್ಟುಹೋಗುವಾಗ ಹೇರುವ ವರ್ಗಾವಣೆ ಶುಲ್ಕಕ್ಕೂ ಕಡಿವಾಣ. ಸರ್ಕಾರ, ಉದ್ಯಮ ಎರಡೂ ಪೆಟ್ಟು ತಿಂದು ಕಲಿತ ಜಾಣ್ಮೆ ಇದು.

ಅತಿ ದೊಡ್ಡ ಪೆಟ್ಟು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಬಿತ್ತು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

2021ರ ಮಾರ್ಚ್ 10ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿನಲ್ಲೇ, ರೈನ್ ನದಿ ಬಂದರಿನ ಬಳಿಯ ಓವಿಎಚ್‌ಕ್ಲೌಡ್ ಎಂಬ ಫ್ರೆಂಚ್ ಕ್ಲೌಡ್ ಕಂಪನಿಯ ಐದು ಅಂತಸ್ತಿನ ಡೇಟಾ ಸೆಂಟರ್‌ಗೆ (ಸರ್ವರುಗಳನ್ನಿಟ್ಟ ಕಟ್ಟಡಕ್ಕೆ) ಬೆಂಕಿ ಬಿತ್ತು. ಕಟ್ಟಡ ಪೂರ್ತಿ ಸುಟ್ಟಿತು, ಪಕ್ಕದ ಕಟ್ಟಡದ ಒಂದು ಭಾಗವೂ ಹೋಯಿತು, ಆವರಣದ ಉಳಿದೆರಡು ಕಟ್ಟಡಗಳ ವಿದ್ಯುತ್ ನಿಲ್ಲಿಸಬೇಕಾಯಿತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಉಷ್ಣ ಕ್ಯಾಮೆರಾದಲ್ಲಿ ಅಗ್ನಿಶಾಮಕ ದಳದವರಿಗೆ ಕಂಡದ್ದು ಉರಿಯುತ್ತಿದ್ದ ಎರಡು ಯುಪಿಎಸ್. ಕಟ್ಟಡದಲ್ಲಿ ತಾನಾಗಿಯೇ ಬೆಂಕಿ ನಂದಿಸುವ ವ್ಯವಸ್ಥೆ ಇರಲಿಲ್ಲ. ಹೊರಗಿನಿಂದ ಒಂದೇ ಸಲಕ್ಕೆ ವಿದ್ಯುತ್ ಕಡಿಯುವ ಸ್ವಿಚ್ಚೂ ಇರಲಿಲ್ಲ, ಹಾಗಾಗಿ ನೀರು ಹಾಯಿಸುವುದೇ ಅಪಾಯವಾಯಿತು. ಎಸಿ ಖರ್ಚು ಉಳಿಸಲು ಗಾಳಿ ತಾನಾಗಿ ಮೇಲೇರುವಂತೆ ಕಟ್ಟಡವನ್ನು ಕಟ್ಟಿದ್ದರು, ಆ ಗಾಳಿಯೇ ಬೆಂಕಿಯನ್ನೂ ಮೇಲೆಳೆಯಿತು. 36 ಲಕ್ಷದಷ್ಟು ಜಾಲತಾಣಗಳು ನಿಂತುಹೋದವು ಎಂದು ಜಾಲತಾಣಗಳ ಲೆಕ್ಕವಿಡುವ ನೆಟ್‌ಕ್ರಾಫ್ಟ್ ಅಂದಾಜಿಸಿತು.

ಸರ್ವರ್ ಸುಡುವುದಕ್ಕಿಂತ ದೊಡ್ಡ ನಷ್ಟ ಬ್ಯಾಕಪ್‌ನದು, ಅಂದರೆ ದತ್ತಾಂಶದ ಕಾಪಿಟ್ಟ ಪ್ರತಿಯದು. ಬ್ಯಾಕಪ್‌ಗೆ ಬೇರೆಯಾಗಿ ಹಣ ಕೊಟ್ಟಿದ್ದ ಗ್ರಾಹಕರಲ್ಲಿ ಕೆಲವರ ಪ್ರತಿ ಇದ್ದದ್ದು ಅದೇ ಆವರಣದಲ್ಲಿ. ಮೂಲವೂ ಹೋಯಿತು, ಪ್ರತಿಯೂ ಹೋಯಿತು. ಇಂಥ ಒಬ್ಬ ಗ್ರಾಹಕರಿಗೆ ಪರಿಹಾರ ಕೊಡುವಂತೆ ಲಿಲ್ ನಗರದ ವಾಣಿಜ್ಯ ನ್ಯಾಯಾಲಯ 2023ರಲ್ಲಿ ಆದೇಶಿಸಿತು. ನಮ್ಮ ಕಡೆಯ ರೈತ ಬಿತ್ತನೆ ರಾಗಿಯನ್ನೂ ಉಣ್ಣುವ ರಾಗಿಯನ್ನೂ ಒಂದೇ ಹಗೇವಿಗೆ ಸುರಿಯುವುದಿಲ್ಲ. ಬ್ಯಾಕಪ್‌ಗೂ ಅದೇ ಎಚ್ಚರ ಬೇಕು.

ಈಗ ನಮ್ಮ ಊರಿನ ಮಾತು. ದೊಡ್ಡ ಕ್ಲೌಡ್ ಕಂಪನಿಗಳ ಭಾರತದ ಕೇಂದ್ರಗಳಿರುವುದು ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿ ಕಡೆ. ತುಮಕೂರಿನಿಂದ ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಸುಮಾರು 30 ಮಿಲಿಸೆಕೆಂಡ್ (ಸೆಕೆಂಡಿನ ಸಾವಿರದಲ್ಲೊಂದು ಭಾಗ ಒಂದು ಮಿಲಿಸೆಕೆಂಡ್) ಎಂದಿಟ್ಟುಕೊಳ್ಳಿ. ಇದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು. ಆದರೆ ಹಳೆಯ ಬಿಲ್ಲಿಂಗ್, ಸ್ಟಾಕ್ ತಂತ್ರಾಂಶಗಳು ಒಂದು ಬಿಲ್ ಉಳಿಸಲು ಡೇಟಾಬೇಸನ್ನು (ಲೆಕ್ಕವೆಲ್ಲ ಇರುವ ದತ್ತಾಂಶದ ಕಡತವನ್ನು) ಇನ್ನೂರು ಸಲ ಕೇಳುವುದುಂಟು. 200ನ್ನು 30ರಿಂದ ಗುಣಿಸಿದರೆ 6000 ಮಿಲಿಸೆಕೆಂಡ್, ಅಂದರೆ 6 ಸೆಕೆಂಡ್. ಕಚೇರಿಯೊಳಗಿನ ಜಾಲದಲ್ಲಿ (ಲ್ಯಾನ್) ಇದೇ ಕೆಲಸ ಕಾಲು ಸೆಕೆಂಡಿನೊಳಗೆ ಮುಗಿಯುತ್ತಿತ್ತು. ಡೇಟಾಬೇಸನ್ನು ಮಾತ್ರ ಕ್ಲೌಡ್‌ಗೆ ಕಳಿಸಿ ತಂತ್ರಾಂಶವನ್ನು ಕಚೇರಿಯ ಕಂಪ್ಯೂಟರಿನಲ್ಲೇ ಉಳಿಸಿಕೊಂಡವರು ‘ಕ್ಲೌಡ್ ನಿಧಾನ’ ಎಂದು ದೂರುವುದಕ್ಕೆ ಕಾರಣ ಇದೇ, ಇಂಟರ್ನೆಟ್ ವೇಗ ಹೆಚ್ಚಿಸಿದರೆ ಇದು ಸರಿಹೋಗುವುದಿಲ್ಲ. ಕಳಿಸುವುದಾದರೆ ಎರಡನ್ನೂ ಒಟ್ಟಿಗೆ ಕಳಿಸಿ, ಇಲ್ಲವೇ ಎರಡನ್ನೂ ಇಲ್ಲೇ ಇಟ್ಟುಕೊಳ್ಳಿ.

ಲೈನ್ ಕಡಿದಾಗಲೂ ನಿಲ್ಲಬಾರದ ಕೆಲಸ ಯಾವುದು ಎಂಬುದನ್ನು ಮೊದಲು ಬರೆದಿಡಬೇಕು. ಲಾರಿ ತೂಗುವ ವೇಬ್ರಿಡ್ಜ್ ತೂಕ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದ ಪ್ರೋಗ್ರಾಂ ಫೈಲುಗಳು, ಕೋಲ್ಡ್ ರೂಮಿನ ತಾಪಮಾನದ ಅಲಾರಾಂ, ಗೇಟಿನ ಹಾಜರಿ ಯಂತ್ರ ಇಲ್ಲೇ ನಡೆಯಬೇಕು. ಇಮೇಲ್, ಹಳೆಯ ವರ್ಷಗಳ ಕಡತ, ಬ್ಯಾಕಪ್ ಪ್ರತಿ, ಎರಡು ಮೂರು ಶಾಖೆಗಳು ಒಟ್ಟಿಗೆ ನೋಡಬೇಕಾದ ವರದಿಗಳಿಗೆ ಕ್ಲೌಡ್ ಸರಿಯಾದ ಜಾಗ. ಇ-ಇನ್‌ವಾಯ್ಸ್ (ಜಿಎಸ್‌ಟಿಯ ಜಾಲತಾಣದಲ್ಲಿ ದಾಖಲಿಸುವ ಬಿಲ್) ಮಾತ್ರ ಹೇಗಿದ್ದರೂ ಇಂಟರ್ನೆಟ್ ಬೇಡುತ್ತದೆ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ದಾಟಿದ ಬಹುತೇಕ ಉದ್ಯಮಗಳಿಗೆ ಅದು ಕಡ್ಡಾಯ. ಸಂಪರ್ಕ ಹೋದರೆ ಲೋಡ್ ಆದ ಲಾರಿ ಗೇಟಿನಲ್ಲೇ ನಿಲ್ಲುತ್ತದೆ. ಇದಕ್ಕೆ ಬೇಕಾದದ್ದು ಕೆಲವೇ ಕಿಲೋಬೈಟ್, ಒಂದು 4ಜಿ ರೂಟರ್ ಸಾಕು.

ಎರಡನೇ ಸಂಪರ್ಕ ಎಂದು ಇನ್ನೊಂದು ಕಂಪನಿಯ ಫೈಬರ್ ಹಾಕಿಸಿ ನಿಶ್ಚಿಂತರಾಗುವವರಿದ್ದಾರೆ. ಹೊರಗೆ ಬಂದು ನೋಡಿದರೆ ಎರಡೂ ಕೇಬಲ್ ಒಂದೇ ಬೆಸ್ಕಾಂ ಕಂಬದ ಮೇಲೆ ಹಾದಿರುತ್ತವೆ, ಇಲ್ಲವೇ ಒಂದೇ ಚರಂಡಿಯ ಅಂಚಿನಲ್ಲಿ ಹೂತಿರುತ್ತವೆ. ಜೆಸಿಬಿ ಒಮ್ಮೆ ಹಲ್ಲು ಊರಿದರೆ ಎರಡೂ ಹೋದಂತೆ. ಒಂದು ಫೈಬರ್ ಇರಲಿ, ಇನ್ನೊಂದು ಮೊಬೈಲ್ ಟವರಿನ ಸಂಪರ್ಕವಿರಲಿ. ಸ್ಥಳೀಯ ಕೇಬಲ್‌ನವರ ಇಂಟರ್ನೆಟ್ ಆದರೆ ಕಂಬದ ಮೇಲಿನ ಅವರ ಸ್ವಿಚ್ ಬಾಕ್ಸಿಗೆ ಬ್ಯಾಟರಿ ಇದೆಯೇ ಎಂದು ಕೇಳಿ. ಬೀದಿಯಲ್ಲಿ ಕರೆಂಟ್ ಹೋದ ಕೂಡಲೇ ಅದೂ ಆರುವಂತಿದ್ದರೆ ನಿಮ್ಮ ಕಚೇರಿಯ ಯುಪಿಎಸ್‌ನಿಂದ ಉಪಯೋಗವಿಲ್ಲ.

ಯುಪಿಎಸ್ ಲೆಕ್ಕವನ್ನೂ ಮಾಡಿ. ಒಂದು ಸಣ್ಣ ಸರ್ವರ್, ರೂಟರ್, ಸ್ವಿಚ್ ಸೇರಿ 300 ವಾಟ್ ಎಂದಾದರೆ ಮೂರು ಸಣ್ಣ ಬ್ಯಾಟರಿಯ 1 ಕೆವಿಎ ಯುಪಿಎಸ್ 20 ನಿಮಿಷದ ಆಸುಪಾಸು ನಿಲ್ಲುತ್ತದೆ. ಎರಡು ಮೂರು ವರ್ಷ ಕಳೆದ ಬ್ಯಾಟರಿಯಾದರೆ ಅದರಲ್ಲಿ ಅರ್ಧ. ಯುಪಿಎಸ್‌ನಿಂದ ಸರ್ವರಿಗೆ ಯುಎಸ್‌ಬಿ ತಂತಿ ಹಾಕಿ, ಬ್ಯಾಟರಿ ಇಳಿದಾಗ ಸರ್ವರ್ ತಾನಾಗಿಯೇ ಕ್ರಮವಾಗಿ ಆರುವಂತೆ ಹೊಂದಿಸಬೇಕು. ಪೆಟ್ಟಿಗೆಯಲ್ಲಿ ಬಂದ ಆ ತಂತಿ ಎಷ್ಟೋ ಕಡೆ ಪ್ಲಾಸ್ಟಿಕ್ ಚೀಲದಿಂದ ಹೊರಗೇ ಬಂದಿರುವುದಿಲ್ಲ. ಡೇಟಾಬೇಸ್ ಕೆಡುವುದು ಬಹಳ ಸಲ ಹೀಗೆ ಧುತ್ತೆಂದು ಕರೆಂಟ್ ಹೋದಾಗಲೇ.

ಕಚೇರಿಯಿಂದ ಕ್ಲೌಡ್‌ಗೆ ವಿಪಿಎನ್ ಸುರಂಗ (ಇಂಟರ್ನೆಟ್ ಮೇಲೆ ಗೂಢಲಿಪಿಯಲ್ಲಿ ಸಾಗುವ ಖಾಸಗಿ ಸಂಪರ್ಕ) ಹಾಕುವಾಗ ಮೂರು ತೊಂದರೆಗಳು ಮತ್ತೆ ಮತ್ತೆ ಬರುತ್ತವೆ. ಒಂದು, ಐಪಿ ವಿಳಾಸದ, ಅಂದರೆ ಜಾಲದಲ್ಲಿ ಪ್ರತಿ ಯಂತ್ರಕ್ಕಿರುವ ಸಂಖ್ಯೆಯ, ಘರ್ಷಣೆ. ಹೊಸ ರೂಟರ್ ಬಂದ ಹಾಗೇ 192.168.1 ಸರಣಿಯಲ್ಲಿ ಬಿಟ್ಟಿರುತ್ತಾರೆ, ಶಾಖೆಯಲ್ಲೋ ಕ್ಲೌಡ್‌ನಲ್ಲೋ ಅದೇ ಸರಣಿ ಇದ್ದರೆ ಪ್ಯಾಕೆಟ್ (ದತ್ತಾಂಶದ ತುಣುಕು) ಎತ್ತ ಹೋಗಬೇಕೆಂದು ತಿಳಿಯದು. ಸುರಂಗ ತೋಡುವ ಮೊದಲೇ ಪ್ರತಿ ಜಾಗಕ್ಕೂ ಬೇರೆ ಸರಣಿ ಕೊಡಿ. ಎರಡು, ಮನೆಬಳಕೆಯ ಬ್ರಾಡ್‌ಬ್ಯಾಂಡ್‌ಗೆ ಸಾಮಾನ್ಯವಾಗಿ ಸ್ವಂತ ಸಾರ್ವಜನಿಕ ಐಪಿ ಇರುವುದಿಲ್ಲ, ಹತ್ತಾರು ಗ್ರಾಹಕರಿಗೆ ಒಂದನ್ನೇ ಹಂಚಿರುತ್ತಾರೆ. ಕ್ಲೌಡ್ ಕಡೆಯಿಂದ ನಿಮ್ಮನ್ನು ಕರೆಯಲಾಗದು. ಸುರಂಗವನ್ನು ಯಾವಾಗಲೂ ಕಚೇರಿಯ ಕಡೆಯಿಂದಲೇ ಶುರುವಾಗುವಂತೆ ಮಾಡಿ, ಇಲ್ಲವೇ ಬದಲಾಗದ ಸ್ವಂತ ವಿಳಾಸ (ಸ್ಟ್ಯಾಟಿಕ್ ಐಪಿ) ಕೊಳ್ಳಿ. ಮೂರನೆಯದು ತಲೆ ತಿನ್ನುವ ತೊಂದರೆ: ಸಂಪರ್ಕ ಪರೀಕ್ಷಿಸುವ ಪಿಂಗ್ ಹೋಗುತ್ತದೆ, ಲಾಗಿನ್ ಆಗುತ್ತದೆ, ದೊಡ್ಡ ರಿಪೋರ್ಟ್ ತೆಗೆದರೆ ಪರದೆ ಅಲ್ಲೇ ನಿಂತುಬಿಡುತ್ತದೆ. 1500 ಬೈಟಿನ ಪ್ಯಾಕೆಟ್ಟಿನ ಮೇಲೆ ಸುರಂಗದ ಗೂಢಲಿಪಿಯ ಹೊದಿಕೆ ಸೇರಿ ಅದು ದಾರಿಯಲ್ಲಿ ಹಿಡಿಸದೆ ಬಿದ್ದುಹೋಗುವುದೇ ಕಾರಣ. ರೂಟರಿನಲ್ಲಿ ಟಿಸಿಪಿ ಎಂಎಸ್‌ಎಸ್ ಮಿತಿಯನ್ನು (ಒಂದು ಪ್ಯಾಕೆಟ್ಟಿನಲ್ಲಿ ತುಂಬುವ ದತ್ತಾಂಶದ ಗರಿಷ್ಠ ಗಾತ್ರವನ್ನು) 1350ಕ್ಕೆ ಇಳಿಸಿದರೆ ಬಹುಪಾಲು ಸರಿಹೋಗುತ್ತದೆ.

ಬ್ಯಾಕಪ್ ವಿಷಯಕ್ಕೆ ಬಂದರೆ, ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಊರಾಚೆ ಎಂಬುದು ಹಳೆಯ ನಿಯಮ. ಸ್ಟ್ರಾಸ್‌ಬರ್ಗ್ ನಂತರ ‘ಊರಾಚೆ’ ಎಂಬುದನ್ನು ಕರಾರಿನಲ್ಲೇ ಬರೆಸಬೇಕು: ಯಾವ ನಗರ, ಯಾವ ಕೇಂದ್ರ. ಸರ್ವರಿನಲ್ಲಿ ಎರಡು ಡಿಸ್ಕ್ ಜೋಡಿಸಿ ರೈಡ್ ಮಾಡಿದ್ದು (ಎರಡರಲ್ಲೂ ಒಂದೇ ದತ್ತಾಂಶ ಬರೆಯುವಂತೆ ಮಾಡಿದ್ದು) ಬ್ಯಾಕಪ್ ಅಲ್ಲ, ಒಂದರಲ್ಲಿ ಅಳಿಸಿದರೆ ಇನ್ನೊಂದರಲ್ಲೂ ಅಳಿಯುತ್ತದೆ. ಇಲ್ಲಿನ ಫೋಲ್ಡರನ್ನು ಕ್ಲೌಡ್‌ನಲ್ಲೂ ತಾನಾಗಿ ಹಾಗೇ ಇರಿಸುವ ಫೋಲ್ಡರ್ ಸಿಂಕ್ ಕೂಡ ಬ್ಯಾಕಪ್ ಅಲ್ಲ. ರ‍್ಯಾನ್‌ಸಮ್‌ವೇರ್ (ಫೈಲು ಲಾಕ್ ಮಾಡಿ ಹಣ ಕೇಳುವ ವೈರಸ್) ಬಂದು ಇಲ್ಲಿನ ಫೈಲನ್ನು ಲಾಕ್ ಮಾಡಿದರೆ ಸಿಂಕ್ ಆ ಲಾಕ್ ಆದ ಫೈಲನ್ನೇ ಮೇಲಕ್ಕೆ ಒಯ್ಯುತ್ತದೆ. ಕನಿಷ್ಠ 30 ದಿನ ಯಾರಿಂದಲೂ, ನಿಮ್ಮ ಅಡ್ಮಿನ್ ಪಾಸ್‌ವರ್ಡಿನಿಂದಲೂ, ಅಳಿಸಲಾಗದ ಪ್ರತಿ ಒಂದಿರಬೇಕು. ಎಸ್‌ಕ್ಯುಎಲ್ ಡೇಟಾಬೇಸ್ ಓಡುತ್ತಿರುವಾಗ ಅದರ ಮೂಲ ಫೈಲನ್ನೇ ನಕಲು ಮಾಡಿದರೆ ಆ ನಕಲು ಉಪಯೋಗಕ್ಕೆ ಬಾರದು, ಮೊದಲು ಡೇಟಾಬೇಸಿನ ಸ್ವಂತ ಬ್ಯಾಕಪ್ ತೆಗೆದು ಆ ಫೈಲನ್ನು ಕಳಿಸಬೇಕು.

ಕಳಿಸಲು ಹಿಡಿಯುವ ಸಮಯ ಅನೇಕರ ಲೆಕ್ಕಕ್ಕೆ ಬಂದಿರುವುದಿಲ್ಲ. 500 ಜಿಬಿಯನ್ನು 20 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಕಳಿಸಲು, ಎಲ್ಲೂ ತಡೆಯದೆ ಹೋದರೂ, 55 ಗಂಟೆ ಬೇಕು. ಶನಿವಾರ ಸಂಜೆ ಹಚ್ಚಿದರೆ ಸೋಮವಾರ ಬೆಳಗ್ಗೆ ಕಚೇರಿ ತೆರೆದಾಗಲೂ ಮುಗಿದಿರುವುದಿಲ್ಲ, ಬಿಲ್ಲಿಂಗ್ ತೆವಳುತ್ತಿರುತ್ತದೆ. ಹಗಲು ವೇಗವನ್ನು ಕಾಲು ಭಾಗಕ್ಕೆ ಕಟ್ಟಿಹಾಕಿ, ರಾತ್ರಿ ಪೂರ್ತಿ ಬಿಡಿ. ಮೊದಲ ಪ್ರತಿ ಹೋದ ಮೇಲೆ ದಿನದ ಬದಲಾವಣೆ 2 ಜಿಬಿಯಷ್ಟಿದ್ದರೆ ಕಾಲು ಗಂಟೆಯೊಳಗೆ ಮುಗಿಯುತ್ತದೆ. ವಾಪಸ್ ಇಳಿಸಿಕೊಳ್ಳಲೂ ಸಮಯ ಬೇಕು, ದುಡ್ಡೂ ಬೇಕು. ಒಳಗೆ ಹಾಕಲು ಉಚಿತ, ಹೊರಗೆ ತೆಗೆಯಲು ಜಿಬಿಗೆ ಇಷ್ಟು ಎಂಬುದೇ ಈ ವ್ಯಾಪಾರದ ರೂಢಿ. ಫ್ರಾನ್ಸ್ ಕಾನೂನಿನಿಂದ ಹಿಡಿದದ್ದು ಈ ಜುಟ್ಟನ್ನೇ. ನಮ್ಮಲ್ಲಿ ಅಂಥ ಕಾನೂನಿನ ಆಸರೆ ಇಲ್ಲದಿರುವುದರಿಂದ, ಬಿಟ್ಟುಹೋಗುವಾಗ ಏನು ದರ, ಎಷ್ಟು ದಿನ, ಯಾವ ರೂಪದಲ್ಲಿ ದತ್ತಾಂಶ ಕೊಡುತ್ತೀರಿ ಎಂಬುದನ್ನು ಸಹಿ ಹಾಕುವ ಮೊದಲೇ ಬರವಣಿಗೆಯಲ್ಲಿ ಪಡೆಯಬೇಕು.

ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿನಲ್ಲಿ ಇಳಿಸಿ, ಆ ದಿನದ ಟ್ರಯಲ್ ಬ್ಯಾಲೆನ್ಸ್ ತೆಗೆದು, ಮೂಲದ ಜತೆ ಪೈಸೆ ಪೈಸೆ ತಾಳೆ ನೋಡಬೇಕು. ‘ಬ್ಯಾಕಪ್ ಯಶಸ್ವಿ’ ಎಂಬ ಹಸಿರು ಅಕ್ಷರ ಇದಕ್ಕೆ ಬದಲಿಯಲ್ಲ.

ಕಾನೂನಿನ ಎರಡು ಮಾತು. ಕಂಪನಿ ಕಾಯ್ದೆಯಡಿ ನೋಂದಾಯಿತ ಕಂಪನಿಗಳು ತಮ್ಮ ಲೆಕ್ಕಪುಸ್ತಕದ ಬ್ಯಾಕಪ್ಪನ್ನು ಪ್ರತಿದಿನ ಭಾರತದಲ್ಲೇ ಇರುವ ಸರ್ವರಿನಲ್ಲಿ ಇಡಬೇಕೆಂದು 2022ರ ನಿಯಮ ಹೇಳುತ್ತದೆ. ಅಗ್ಗವೆಂದು ಸಿಂಗಪುರದ ಕೇಂದ್ರವನ್ನಷ್ಟೇ ಆರಿಸಿಕೊಂಡರೆ ಆಡಿಟರ್ ಕೇಳುತ್ತಾರೆ. ಸೈಬರ್ ದಾಳಿಯಾದರೆ 6 ಗಂಟೆಯೊಳಗೆ ತನಗೆ ತಿಳಿಸಬೇಕು, ಲಾಗ್‌ಗಳನ್ನು (ಯಂತ್ರದಲ್ಲಿ ಯಾವಾಗ ಏನು ನಡೆಯಿತೆಂಬ ದಾಖಲೆಗಳನ್ನು) 180 ದಿನ ಇಟ್ಟಿರಬೇಕು ಎಂಬುದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ. ಸಣ್ಣ ರೂಟರುಗಳಲ್ಲಿ ಲಾಗ್ ಕೆಲವೇ ದಿನಕ್ಕೆ ತುಂಬಿ ಅಳಿಸಿಹೋಗುತ್ತದೆ, ಅದನ್ನು ಸರ್ವರಿಗೆ ಕಳಿಸುವಂತೆ ಹೊಂದಿಸಿ.

ಕೊನೆಯದಾಗಿ ಮಹಾನಗರ ಪಾಲಿಕೆ, ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಹಾಗೂ ಲೋಕೋಪಯೋಗಿ ಇಲಾಖೆಗೆ ಒಂದು ವಿನಂತಿ. ನೆಲ ಅಗೆಯುವ ಮೊದಲು ಕೇಬಲ್‌ನವರಿಗೆ ತಿಳಿಸಲೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್ 22ರಂದು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಿಡುಗಡೆ ಮಾಡಿದೆ. ತುಮಕೂರಿನಲ್ಲಿ ರಸ್ತೆ, ಚರಂಡಿ, ನೀರಿನ ಪೈಪಿನ ಪ್ರತಿ ಕಾರ್ಯಾದೇಶದಲ್ಲೂ ಅದರ ಬಳಕೆಯನ್ನು ಷರತ್ತಾಗಿ ಸೇರಿಸಿ. ಆ ಆ್ಯಪಿನಲ್ಲಿ ಸೂಚನೆ ಕೊಟ್ಟ ದಾಖಲೆ ಇಲ್ಲದ ಗುತ್ತಿಗೆದಾರರ ಬಿಲ್ ತಡೆಹಿಡಿಯಿರಿ.

— ಕಾರ್ಖಾನೆ ಮತ್ತು ಸಹಕಾರ ಸಂಘಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಕೆಲವರು, ತುಮಕೂರು